ಎರಡೂ ಕಡೆ ಆಕ್ಸಲ್ ಜಾಯಿಂಟ್ ಹೊಸದು, ಆದರೂ ಏರಿನಲ್ಲಿ ನಡುಕ. ಸಾಕಾಗಿ ಹೋಗಿದೆ

ದುರ್ಗದ_ಒನಕೆ:
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟಿದೆ. ಮೊದಲು ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟರೆ ಕಟಕಟ ಶಬ್ದ ಬರುತ್ತಿತ್ತು. ದಾವಣಗೆರೆಯಲ್ಲಿ ತೋರಿಸಿದೆ. ಬೂಟ್, ಅಂದರೆ ಜಾಯಿಂಟಿನ ರಬ್ಬರ್ ಮುಸುಕು, ಹರಿದು ಜಾಯಿಂಟ್ ಹೋಗಿದೆ ಅಂದರು. ಎರಡೂ ಕಡೆ ಹೊಸದು ಹಾಕಿಸಿದೆ. ಕಟಕಟ ನಿಂತಿತು. ಈಗ ನೋಡಿದರೆ ಏರಿನಲ್ಲಿ ಗಾಡಿ ಗಡಗಡ ನಡುಗುತ್ತದೆ! ದುಡ್ಡು ಕೊಟ್ಟು ಬೇರೆ ರೋಗ ತಂದಂತಾಯಿತು. ಏನು ಮಾಡಲಿ?

ಹರಿಹರ_ವೀಲ್:
ವೀಲ್ ಬ್ಯಾಲೆನ್ಸ್ ಮಾಡಿಸಿ. ಚಕ್ರ ಬಿಚ್ಚಿದಾಗ ತೂಕದ ತುಂಡು ಬಿದ್ದಿರುತ್ತದೆ.

ಗ್ರೀಸ್_ಕೈ:
ಯಾವ ಕಾರು ಗುರೂ? ಎಷ್ಟು ಕಿಲೋಮೀಟರ್ ಓಡಿದೆ? ಎಷ್ಟು ಸ್ಪೀಡಿನಲ್ಲಿ ನಡುಕ? ಜಾಯಿಂಟ್ ಅಂದರೆ ಯಾವುದು, ಚಕ್ರದ ಕಡೆಯದಾ, ಗೇರ್‌ಬಾಕ್ಸ್ ಕಡೆಯದಾ?

ದುರ್ಗದ_ಒನಕೆ:
ಜಾಯಿಂಟ್ ಅಂದರೆ ಜಾಯಿಂಟ್ ಅಣ್ಣಾ, ಶಾಫ್ಟಿನ ತುದಿಯದು. 2012ರ ವ್ಯಾಗನ್ ಆರ್, ಪೆಟ್ರೋಲ್. 1 ಲಕ್ಷ 18 ಸಾವಿರ ಓಡಿದೆ. ಬ್ಯಾಲೆನ್ಸು, ಅಲೈನ್‌ಮೆಂಟು ಎರಡೂ ಅವತ್ತೇ ಆಗಿದೆ.

ಹರಿಹರ_ವೀಲ್:
ಇನ್ನೊಂದು ಕಡೆ ಮಾಡಿಸಿ ನೋಡಿ. ಎಲ್ಲರ ಮೆಷಿನ್ನೂ ಸರಿ ಇರುವುದಿಲ್ಲ. ನಾನು ಇಂಥದ್ದು ಬೇಕಾದಷ್ಟು ನೋಡಿದ್ದೇನೆ.

ಗ್ರೀಸ್_ಕೈ:
ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಒಂದು ಶಾಫ್ಟಿಗೆ ಎರಡು ತುದಿ, ಎರಡು ಜಾಯಿಂಟ್. ಎರಡೂ ಒಂದೇ ಅಲ್ಲ.

ಚಕ್ರದ ಕಡೆಯದು ಗುಂಡಿನ ಜಾಯಿಂಟ್. ಒಳಗೆ ಆರು ಉಕ್ಕಿನ ಗುಂಡು, ಅವನ್ನು ಹಿಡಿದಿಡುವ ಒಂದು ಪಂಜರ. ಸ್ಟೀರಿಂಗ್ ಎಷ್ಟೇ ತಿರುಗಿಸಿದರೂ ಆ ಗುಂಡುಗಳು ಎರಡು ತುದಿಗಳ ನಡುವಿನ ಕೋನದ ಸರಿಯಾಗಿ ಅರ್ಧದಲ್ಲಿ ನಿಲ್ಲುತ್ತವೆ. ಅದಕ್ಕೇ ಚಕ್ರ ಏರುಪೇರಿಲ್ಲದೆ ತಿರುಗುತ್ತದೆ. ಸುಮಾರು 45 ಡಿಗ್ರಿವರೆಗೂ ಬಾಗುತ್ತದೆ. ಇದು ಸವೆದರೆ ತಿರುವಿನಲ್ಲಿ ಕಟಕಟ. ನಿಮ್ಮದು ಅದೇ ಆಗಿತ್ತು, ಹೋಯಿತು.

ಗೇರ್‌ಬಾಕ್ಸ್ ಕಡೆಯದು ಟ್ರೈಪಾಡ್. ಮೂರು ಕಾಲು, ಪ್ರತಿ ಕಾಲಿಗೊಂದು ರೋಲರ್. ಅವು ಬಟ್ಟಲಿನಂಥ ಒಂದು ಕಪ್ಪಿನೊಳಗಿನ ತೋಡುಗಳಲ್ಲಿ ಓಡಾಡುತ್ತವೆ. ಚಕ್ರ ಹಳ್ಳಕ್ಕಿಳಿದು ಮೇಲೆದ್ದಾಗ ಶಾಫ್ಟಿನ ಉದ್ದ ಹೆಚ್ಚುಕಡಿಮೆ ಆಗಬೇಕಲ್ವಾ, ಆ ಕೆಲಸ ಇದರದ್ದು. ಇದು ಹೆಚ್ಚು ಬಾಗುವಂಥದ್ದಲ್ಲ. ಸವೆದರೆ ಕಟಕಟ ಬರುವುದಿಲ್ಲ, ಎಳೆಯುವಾಗ ನಡುಕ ಬರುತ್ತದೆ. ನೀವು ಬದಲಿಸಿದ್ದು ಹೊರಗಿನದು, ಅಂದರೆ ಚಕ್ರದ ಕಡೆಯದು ಮಾತ್ರ ಅನಿಸುತ್ತದೆ. ಬಿಲ್ ನೋಡಿ.

ಬೊಲೆರೋ_ಜಗಳೂರು:
ಈ ಮುಂದಿನ ಚಕ್ರ ಎಳೆಯುವ ಗಾಡಿಗಳ ಹಣೆಬರಹವೇ ಇಷ್ಟು. ನನ್ನ ಬೊಲೆರೋ 2.6 ಲಕ್ಷ ಓಡಿದೆ. ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಎರಡು ಕ್ರಾಸ್ (ಕೂಡುಗುರುತಿನ ಆಕಾರದ ಜಾಯಿಂಟ್), ಆಗಾಗ ಗ್ರೀಸ್ ಹೊಡೆದರೆ ಮುಗಿಯಿತು. ಗುಂಡೂ ಇಲ್ಲ, ಪಂಜರವೂ ಇಲ್ಲ. ಶೇಂಗಾ ಮೂಟೆ ಹೇರಿಕೊಂಡು ಜೋಗಿಮಟ್ಟಿ ಬೆಟ್ಟ ಹತ್ತಿಸುತ್ತೇನೆ, ಬನ್ನಿ ನೋಡಿ.

ಗ್ರೀಸ್_ಕೈ:
ಜೋಗಿಮಟ್ಟಿಗೆ ಶೇಂಗಾ ಯಾಕೆ ಒಯ್ಯುತ್ತೀರಿ ಅಣ್ಣಾ, ಅಲ್ಲಿ ಕೊಳ್ಳುವವರು ಯಾರು? :)

ಕ್ರಾಸ್ ಬಾಗಿದಾಗ ಅದರ ಆಚೆ ತುದಿ ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡಿ, ಎರಡು ಸಲ ಹಿಂದೆ ಬೀಳುತ್ತದೆ. 20 ಡಿಗ್ರಿ ಬಾಗಿದರೆ ಹೆಚ್ಚುಕಡಿಮೆ ಶೇಕಡಾ 6ರಷ್ಟು ಆಚೀಚೆ. ನಿಮ್ಮ ಗಾಡಿಯಲ್ಲಿ ಒಂದು ಕ್ರಾಸಿನ ತಪ್ಪನ್ನು ಇನ್ನೊಂದು ಸರಿ ಮಾಡುತ್ತದೆ, ಅದೂ ಎರಡೂ ಒಂದೇ ಸಾಲಿನಲ್ಲಿ ಕೂತಿದ್ದರೆ. ತಿರುಗುವ ಮುಂದಿನ ಚಕ್ರಕ್ಕೆ ಬರೀ ಒಂದು ಕ್ರಾಸ್ ಹಾಕಿದರೆ ಪ್ರತಿ ತಿರುವಿನಲ್ಲೂ ಸ್ಟೀರಿಂಗ್ ಕೈಯಲ್ಲಿ ಕುಣಿಯುತ್ತದೆ. ಗುಂಡಿನ ಜಾಯಿಂಟ್ ಬಂದಿದ್ದೇ ಅದಕ್ಕೆ. 1920ರ ದಶಕದಲ್ಲಿ ರ್ಜೆಪ್ಪಾ ಅನ್ನುವ ಎಂಜಿನಿಯರ್ ಮಾಡಿದ್ದು. 1959ರ ಮಿನಿ ಕಾರಿನ ಚಕ್ರದಲ್ಲೂ ಅದೇ ಜಾತಿಯದಿತ್ತು.

ಬೊಲೆರೋ_ಜಗಳೂರು:
ಸಾಲಿನ ವಿಷಯ ನಿಜ. ಒಮ್ಮೆ ಶಾಫ್ಟ್ ಬಿಚ್ಚಿದವರು ಗುರುತು ಹಾಕಿಕೊಳ್ಳದೆ ಹೇಗೋ ಜೋಡಿಸಿದ್ದರು. ಮನೆಗೆ ಬರುವಷ್ಟರಲ್ಲಿ ಹಲ್ಲು ಅಲ್ಲಾಡಿತ್ತು. ಆದರೂ ನನ್ನ ಗಾಡಿಯೇ ಗಟ್ಟಿ.

ಮಂಡಕ್ಕಿ_ಟರ್ಬೊ:
ಗ್ರೀಸ್ ಯಾವುದು ಹಾಕಿದ್ದಾರೆ ಕೇಳಿದ್ದೀರಾ? ಬೂಟ್ ಜೊತೆ ಪ್ಯಾಕೆಟ್ಟಿನಲ್ಲಿ ಬರುವ, ಮಾಲಿಬ್ಡಿನಮ್ ಬೆರೆತ ಕಪ್ಪು ಗ್ರೀಸೇ ಆಗಬೇಕು. ಡಬ್ಬಿಯಲ್ಲಿರುವ ಮಾಮೂಲಿ ಬೇರಿಂಗ್ ಗ್ರೀಸ್ ತುಂಬಿದರೆ ಜಾಯಿಂಟ್ ಬಾಳುವುದಿಲ್ಲ.

ಹರಿಹರ_ವೀಲ್:
ಗ್ರೀಸ್ ಅಂದರೆ ಗ್ರೀಸ್. ನಾನು ವರ್ಷಗಟ್ಟಲೆ ಮಾಮೂಲಿಯದ್ದನ್ನೇ ಹಾಕಿದ್ದೇನೆ. ಯಾರೂ ವಾಪಸ್ ಬಂದಿಲ್ಲ.

ಮಂಡಕ್ಕಿ_ಟರ್ಬೊ:
ವಾಪಸ್ ಬಂದಿಲ್ಲ ಅಂದರೆ ಬೇರೆ ಗ್ಯಾರೇಜಿಗೆ ಹೋಗಿರುತ್ತಾರೆ.

ಹರಿಹರ_ವೀಲ್:
ತಮ್ಮಾ, ನೀನು ಕಾರಿಗೆ ಸ್ಟಿಕ್ಕರ್ ಅಂಟಿಸುವ ಮೊದಲಿಂದ ನಾನು ಈ ಕೆಲಸದಲ್ಲಿದ್ದೇನೆ.

ಮಂಡಕ್ಕಿ_ಟರ್ಬೊ:
ನನ್ನದು ಸ್ಟಿಕ್ಕರ್ ಅಲ್ಲ ರೀ, ಅಸಲಿ ಟರ್ಬೊ. ಹೊಸ ಇಂಟೇಕ್ ಬೇರೆ ಹಾಕಿಸಿದ್ದೇನೆ. ಹದಡಿ ರೋಡಿನಲ್ಲಿ ಒತ್ತಿದರೆ ಸ್ಟೀರಿಂಗ್ ಒಂದು ಪಕ್ಕ ಎಳೆಯುತ್ತದೆ, ಅಷ್ಟು ಪವರ್. ಫೋಟೋ ಹಾಕಲಾ?

ಗ್ರೀಸ್_ಕೈ:
ಬೇಡ. ಎಳೆಯುವುದು ಬರೀ ಪವರಿಗಲ್ಲ, ಎಡ ಬಲ ಶಾಫ್ಟುಗಳ ಉದ್ದ ಒಂದೇ ಇಲ್ಲದಿದ್ದರೂ ಹಾಗಾಗುತ್ತದೆ. ಗೇರ್‌ಬಾಕ್ಸ್ ಒಂದು ಪಕ್ಕಕ್ಕೆ ಕೂತಿರುತ್ತದೆ ನೋಡಿ. ಗ್ರೀಸಿನ ವಿಷಯದಲ್ಲಿ ನೀವು ಹೇಳಿದ್ದು ಸರಿ, ಆದರೆ ಮೂರು ವಾರಕ್ಕೆ ನಡುಕ ಬರುವುದು ಅದರಿಂದಲ್ಲ.

ಒನಕೆ ಅವರೇ, ಎಲ್ಲಿದ್ದೀರಿ?

ದುರ್ಗದ_ಒನಕೆ:
ಹೊಳಲ್ಕೆರೆಗೆ ಹೋಗಿದ್ದೆ. ಬಿಲ್ ನೋಡಿದೆ. ಹೊರ ಜಾಯಿಂಟ್ 2 ಅಂತ ಇದೆ, ಒಳಗಿನದು ಇಲ್ಲ. ನಡುಕ 40ರಿಂದ 60ರ ಒಳಗೆ, ಮೂರನೇ ಗೇರಿನಲ್ಲಿ ಏರು ಹತ್ತುವಾಗ. ಹೈವೇಯಲ್ಲಿ 80ರಲ್ಲಿ ಹೋದರೆ ಏನೂ ಇಲ್ಲ. ನಾಲ್ಕು ಜನ ಕೂತರೆ ಕಮ್ಮಿ, ಒಬ್ಬನೇ ಇದ್ದರೆ ಜಾಸ್ತಿ. ಇದೇ ಅರ್ಥ ಆಗುತ್ತಿಲ್ಲ.

ಹರಿಹರ_ವೀಲ್:
ರಿಮ್ ಬೆಂಡ್ ಆಗಿರಬಹುದು. ರಿಮ್ ನೋಡಿ, ಆಮೇಲೆ ಬ್ಯಾಲೆನ್ಸ್.

ಗ್ರೀಸ್_ಕೈ:
ಬ್ಯಾಲೆನ್ಸ್ ದೋಷ ಸ್ಪೀಡಿನ ಜೊತೆ ಬರುತ್ತದೆ, ಕಾಲು ಎತ್ತಿದರೂ ಹೋಗುವುದಿಲ್ಲ. ಅದೂ ಚಕ್ರದ ಒಂದು ಸುತ್ತಿನಲ್ಲಿ ಒಂದೇ ಬಡಿತ. 60ರಲ್ಲಿ ಈ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ. ಟ್ರೈಪಾಡಿಗೆ ಮೂರು ಕಾಲು, ಅಂದರೆ ಸೆಕೆಂಡಿಗೆ 27-28 ಬಡಿತ. ಕೈಗೆ ಕುಲುಕಾಟದಂತೆ ಅಲ್ಲ, ಸೀಟಿನ ಕೆಳಗೆ ಗುರ್ ಅಂದಂತೆ ಬರುತ್ತದೆ.

ಹೀಗೆ ಮಾಡಿ. ಏರಿನಲ್ಲಿ ನಡುಕ ಶುರುವಾದ ತಕ್ಷಣ ಆಕ್ಸಿಲೇಟರ್ ಬಿಡಿ. ಆ ಕ್ಷಣಕ್ಕೇ ನಿಂತರೆ ಒಳ ಜಾಯಿಂಟ್ ಅಥವಾ ಎಂಜಿನ್ ಮೌಂಟ್ (ಎಂಜಿನ್ ಹಿಡಿದಿಡುವ ರಬ್ಬರ್) ಹೋಗಿದೆ ಅಂತ.

ಇನ್ನೊಂದು ಮಾತು. ಜನ ಕೂತರೆ ಕಮ್ಮಿ ಅಂದಿರಲ್ಲ, ಅಲ್ಲೇ ಏನೋ ಇದೆ. ಭಾರ ಬಿದ್ದರೆ ಕಾರು ಕೆಳಗೆ ಕೂರುತ್ತದೆ, ಶಾಫ್ಟ್ ನೆಟ್ಟಗಾಗುತ್ತದೆ. ಸಸ್ಪೆನ್ಷನ್ನಿಗೆ ಏನಾದರೂ ಮಾಡಿಸಿದ್ದೀರಾ?

ದುರ್ಗದ_ಒನಕೆ:
ಕಾಲು ಎತ್ತಿದರೆ ಫಟ್ ಅಂತ ನಿಲ್ಲುತ್ತದೆ. ಮೌಂಟ್ ಹೋದ ವರ್ಷ ಹಾಕಿಸಿದ್ದೇನೆ.

ಸಸ್ಪೆನ್ಷನ್ನಿಗೆ ಏನೂ ಮಾಡಿಸಿಲ್ಲ. ಸ್ಪ್ರಿಂಗಿನ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ಇದೆ ಅಷ್ಟೇ. ತೋಟದ ದಾರಿಯಲ್ಲಿ ಅಡಿ ತಾಗುತ್ತಿತ್ತು ಅಂತ ದೊಡ್ಡ ಸೈಜು ತರಿಸಿ ಮುಂದೆ ಎರಡೂ ಕಡೆ ಹಾಕಿಸಿದೆ. ಜಾಯಿಂಟ್ ಹಾಕಿಸಿದ ದಿನವೇ. ಅದು ಎಲ್ಲರೂ ಹಾಕಿಸುತ್ತಾರಲ್ವಾ?

ಗ್ರೀಸ್_ಕೈ:
ಗುರೂ!! ಇದನ್ನು ಮೊದಲೇ ಹೇಳಬಾರದಿತ್ತಾ?

ಮುಂದಿನ ಭಾಗ ಮೇಲೆದ್ದಿದೆ. ಗೇರ್‌ಬಾಕ್ಸ್ ಮೇಲೆ ಹೋಯಿತು, ಚಕ್ರ ನೆಲದಲ್ಲೇ ಇದೆ. ಶಾಫ್ಟ್ ಮೊದಲಿಗಿಂತ ಓರೆಯಾಗಿ ನಿಂತಿದೆ. ಟ್ರೈಪಾಡಿಗೆ ಓರೆ ಜಾಸ್ತಿಯಾದಷ್ಟೂ ರೋಲರುಗಳು ಕಪ್ಪಿನಲ್ಲಿ ಹಿಂದೆ ಮುಂದೆ ಉಜ್ಜುವುದು ಜಾಸ್ತಿ. ಜೊತೆಗೆ ಏರಿನ ಎಳೆತ. ಅದೇ ಅಡ್ಡಡ್ಡ ನೂಕಿ ನಡುಗಿಸುವುದು. 1 ಲಕ್ಷ 18 ಸಾವಿರ ಕಿಲೋಮೀಟರ್ ರೋಲರುಗಳು ಒಂದೇ ಜಾಗದಲ್ಲಿ ಓಡಿ ಅಲ್ಲಿ ಕಪ್ಪಿನ ತೋಡು ಸವೆದಿರುತ್ತದೆ. ಈಗ ರೋಲರುಗಳು ಆ ಸವೆದ ಗುಳಿಯ ಅಂಚು ಹತ್ತಿ ಇಳಿಯುತ್ತಿವೆ.

ಮಂಡಕ್ಕಿ_ಟರ್ಬೊ:
ಹೊಸ ಜಾಯಿಂಟಿಗೆ ಸುಮ್ನೆ ಬೈದೆವು.

ಹರಿಹರ_ವೀಲ್:
ಶಾಫ್ಟ್ ಹಿಡಿದು ಒಳಗೂ ಹೊರಗೂ ಎಳೆದು ನೋಡಿ. ಆಡಿದರೆ ಒಳ ಜಾಯಿಂಟ್ ಸತ್ತಿದೆ ಅಂತಲೇ.

ಗ್ರೀಸ್_ಕೈ:
ಅಲ್ಲಣ್ಣಾ, ಒಳಗೂ ಹೊರಗೂ ಜಾರಬೇಕು, ಅದಕ್ಕೇ ಮಾಡಿದ್ದು. ಮೇಲೆ ಕೆಳಗೆ ಕುಲುಕಿದಾಗ, ತಿರುಚಿದಾಗ ಲಟಕ್ ಅಂದರೆ ಆಗ ಸವೆತ. ಒನಕೆ ಅವರೇ, ಮೊದಲು ಬಫರ್ ತೆಗೆಸಿ ಅದೇ ಏರು ಹತ್ತಿಸಿ. ದುಡ್ಡು ಖರ್ಚಿಲ್ಲದ ಪರೀಕ್ಷೆ. ಆಮೇಲೆ ಬೇಕಾದರೆ ಶಾಫ್ಟ್ ಬಿಚ್ಚಿಸಿ. ಗೇರ್ ಆಯಿಲ್ ಸ್ವಲ್ಪ ಸುರಿಯುತ್ತದೆ, ಮತ್ತೆ ಮಟ್ಟಕ್ಕೆ ತುಂಬಿಸಬೇಕು. ಚಕ್ರದ ನಡುವೆ ಶಾಫ್ಟನ್ನು ಬಿಗಿಯುವ ಹಬ್ ನಟ್ ಹೊಸದೇ ಹಾಕಿಸಿ.

ಹರಿಹರ_ವೀಲ್:
ಬಫರ್ ತೆಗೆದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಹಾಗೇ ಬ್ಯಾಲೆನ್ಸೂ.

ದುರ್ಗದ_ಒನಕೆ:
ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. ಬಫರ್ ತೆಗೆಸಿ ನಿನ್ನೆ ಸಂಜೆ ಜೋಗಿಮಟ್ಟಿ ರೋಡ್ ಹತ್ತಿಸಿದೆ. ಮುಕ್ಕಾಲು ನಡುಕ ಹೋಗಿದೆ. ಬಲಗಡೆ ಇನ್ನೂ ಸ್ವಲ್ಪ ಗುರ್ ಅನ್ನುತ್ತದೆ. ಕೆಳಗೆ ಮಲಗಿ ಕುಲುಕಿದೆ, ಬಲಗಡೆಯ ಒಳ ಜಾಯಿಂಟಿನಲ್ಲಿ ಲಟಕ್ ಇದೆ. ಎಡಗಡೆ ಗಟ್ಟಿಯಾಗಿದೆ. ಭಾನುವಾರ ಬಿಚ್ಚಿಸುತ್ತೇನೆ. ತೋಟದ ದಾರಿಗೆ ಎರಡು ಟ್ರ್ಯಾಕ್ಟರ್ ಮಣ್ಣು ಹೊಡೆಸುವುದೇ ವಾಸಿ ಅನಿಸಿದೆ.

ಅಲೈನ್‌ಮೆಂಟ್ ಮಾಡಿಸಿದೆ ಹರಿಹರ ಅಣ್ಣಾ. ಬ್ಯಾಲೆನ್ಸ್ ನೋಡಿದರು, ಸರಿಯಾಗೇ ಇತ್ತು.

ಬಫರ್ ಒಂದು ಜೊತೆ ಮಿಕ್ಕಿದೆ. ಯಾರಿಗಾದರೂ ಬೇಕಾ?

ಬೊಲೆರೋ_ಜಗಳೂರು:
ಬೊಲೆರೋಗೆ ಆಗುತ್ತದಾ?