ಬಾಲಿಯಲ್ಲಿ ಕೂತು ಬೆಂಗಳೂರಿನ ಕಂಪನಿ ಕೆಲಸ ಮಾಡಬಹುದಾ? ಕಾನೂನು ಪ್ರಕಾರ?

ಫಿಲ್ಟರ್ ಕಾಫಿ 2 ಲೋಟ:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ, ವರ್ಷಕ್ಕೆ 28 ಲಕ್ಷ ಸಂಬಳ, ಪೂರ್ತಿ ವರ್ಕ್ ಫ್ರಮ್ ಹೋಮ್. ಹೆಂಡತಿ ಕೆಲಸ ಬಿಟ್ಟು ಒಂದು ವರ್ಷ ಬ್ರೇಕ್ ತಗೊಂಡಿದ್ದಾಳೆ, ಮಕ್ಕಳಿಲ್ಲ, ಬಾಡಿಗೆ ಮನೆ ಕರಾರೂ ಸೆಪ್ಟೆಂಬರ್‌ಗೆ ಮುಗಿಯುತ್ತೆ. ಹಾಗಾಗಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಾಲಿಯಲ್ಲಿ ಇದ್ದುಬಿಡೋಣ ಅಂತ ಯೋಚನೆ. ಇನ್‌ಸ್ಟಾಗ್ರಾಮ್ ನೋಡಿದರೆ ಅರ್ಧ ಬೆಂಗಳೂರು ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದೆ ಅನ್ನಿಸುತ್ತೆ, ಆದರೆ ಅವರೆಲ್ಲ ಯಾವ ವೀಸಾದಲ್ಲಿ ಇದ್ದಾರೆ ಅಂತ ಒಬ್ಬರೂ ಹೇಳಲ್ಲ. ನನಗೆ ಕದ್ದುಮುಚ್ಚಿ ಇರೋದು ಇಷ್ಟವಿಲ್ಲ. ಸರಿಯಾದ ದಾರಿ ಯಾವುದು? ಟ್ಯಾಕ್ಸ್ ಎಲ್ಲಿ ಕಟ್ಟಬೇಕು? ಆಫೀಸಿನಲ್ಲಿ ಹೇಳಲೇಬೇಕಾ?

ಬ್ಯಾಗ್ ರೆಡಿ:
ಗುರು, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಏರ್‌ಪೋರ್ಟ್‌ನಲ್ಲಿ ಇಳಿದು 5 ಲಕ್ಷ ರುಪಿಯಾ (ಇಂಡೊನೇಷ್ಯಾದ ದುಡ್ಡು) ಕಟ್ಟಿದರೆ 30 ದಿನದ ವೀಸಾ, ಒಂದು ಸಲ ಎಕ್ಸ್‌ಟೆಂಡ್ ಮಾಡಿಸಿದರೆ ಇನ್ನೊಂದು 30. ಆಮೇಲೆ ಸಿಂಗಾಪುರಕ್ಕೋ ಕೌಲಾಲಂಪುರಕ್ಕೋ ಹೋಗಿ ವಾಪಸ್ ಬನ್ನಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಏನಿದೆ ಅಂತ ಯಾರು ನೋಡ್ತಾರೆ?

ತೆಂಗಿನಮರದ ಕೆಳಗೆ:
ಮೇಲಿನವರ ಮಾತು ಕೇಳಬೇಡಿ. ಎರಡು ವರ್ಷದಿಂದ ಬಾಲಿಯಲ್ಲಿದ್ದೇನೆ, ಉಬುದ್ ಹತ್ತಿರ. ಅವರು ಹೇಳಿದ ವೀಸಾ ಊರು ನೋಡೋದಕ್ಕೆ ಕೊಡೋದು, ಕೆಲಸಕ್ಕಲ್ಲ. ಇಂಡೊನೇಷ್ಯಾದ 2011ರ ವಲಸೆ ಕಾನೂನಿನ 122ನೇ ಕಲಮಿನಲ್ಲಿ, ಒಂದು ಉದ್ದೇಶಕ್ಕೆ ವೀಸಾ ತಗೊಂಡು ಬೇರೆ ಉದ್ದೇಶಕ್ಕೆ ಬಳಸಿದರೆ 5 ವರ್ಷದವರೆಗೆ ಜೈಲು, 50 ಕೋಟಿ ರುಪಿಯಾದವರೆಗೆ ದಂಡ ಅಂತ ಇದೆ. ರೂಮಿನಲ್ಲಿ ಕೂತು ಮೇಲ್ ನೋಡೋರನ್ನು ಹುಡುಕಿಕೊಂಡು ಯಾರೂ ಬರಲ್ಲ, ಅದು ನಿಜ. ಸಿಕ್ಕಿಬೀಳೋರು ಯೋಗ ಕ್ಲಾಸ್, ಫೋಟೊಗ್ರಫಿ, ಸರ್ಫಿಂಗ್ ಕಲಿಸೋದು ಇಂಥದ್ದರಲ್ಲೇ ಜಾಸ್ತಿ. ಆದರೆ ನೀವು ಕೇಳಿದ್ದು ಸಿಕ್ಕಿಬೀಳದೆ ಇರೋದು ಹೇಗೆ ಅಂತ ಅಲ್ವಲ್ಲ.

ಸರಿಯಾದ ದಾರಿ ಅಂದರೆ ಇ33ಜಿ, ರಿಮೋಟ್ ವರ್ಕರ್ ವೀಸಾ. ಒಂದು ವರ್ಷಕ್ಕೆ ಕೊಡುತ್ತಾರೆ, ಮುಂದುವರಿಸಬಹುದು. ಇಂಡೊನೇಷ್ಯಾದ ಹೊರಗಿನ ಕಂಪನಿಯ ಜೊತೆ ಕಾಂಟ್ರ್ಯಾಕ್ಟ್ ಇರಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕನಿಷ್ಠ 2,000 ಡಾಲರ್ ತೋರಿಸಬೇಕು, ಇದೆಲ್ಲ ಓಕೆ. ಎಡವೋದು ಮುಂದಿನದ್ದರಲ್ಲಿ: ವರ್ಷಕ್ಕೆ 60,000 ಡಾಲರ್ ಆದಾಯ ಬೇಕು. ನಮ್ಮ ದುಡ್ಡಲ್ಲಿ 50 ಲಕ್ಷದ ಮೇಲಾಯ್ತು. ನಿಮ್ಮ 28ಕ್ಕೆ ಇದು ಆಗಲ್ಲ, ಬೇಜಾರಾಗಬೇಡಿ. ಏಜೆಂಟ್ ಯಾರಾದರೂ "ಅಡ್ಜಸ್ಟ್ ಮಾಡ್ತೀವಿ ಸಾರ್" ಅಂದರೆ ಅಲ್ಲಿಂದ ಓಡಿ.

ಗೆಳೆಯನೊಬ್ಬನ ಕತೆ ಹೇಳ್ತೀನಿ. ಇಳಿದ ದಿನವನ್ನೇ ಮೊದಲನೇ ದಿನ ಅಂತ ಎಣಿಸುತ್ತಾರೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ, ಅದರ ಮೇಲೆ ಫ್ಲೈಟ್ ಬೇರೆ ಮುಂದೆ ಹಾಕಿದ್ದ. ವೀಸಾ ಮುಗಿದ ಮೇಲೆ ಒಟ್ಟು 4 ದಿನ ಜಾಸ್ತಿ ಆಯ್ತು. ದಿನಕ್ಕೆ 10 ಲಕ್ಷ ರುಪಿಯಾ ದಂಡ, ಅಂದರೆ ನಾಲ್ಕು ದಿನಕ್ಕೆ ಒಟ್ಟು ನಮ್ಮ 20 ಸಾವಿರದ ಮೇಲೆ, ಕೌಂಟರ್‌ನಲ್ಲೇ ಕಕ್ಕಿ ಬಂದ. ವೀಸಾ ಮುಗಿದ ಮೇಲೆ 60 ದಿನ ದಾಟಿದರೆ ದಂಡ ಕಟ್ಟಿ ಬಿಡಿಸಿಕೊಳ್ಳೋಕೂ ಆಗಲ್ಲ, ಡಿಪೋರ್ಟ್ ಮಾಡಿ ಮತ್ತೆ ಬರದ ಹಾಗೆ ಹೆಸರು ಹಾಕುತ್ತಾರೆ.

ಇನ್ನೊಂದು. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ. ನಿಮ್ಮ ಬೆಳಿಗ್ಗೆ 9:30ರ ಸ್ಟ್ಯಾಂಡ್‌ಅಪ್ ಮೀಟಿಂಗ್ ಇಲ್ಲಿ ಮಧ್ಯಾಹ್ನ 12ಕ್ಕೆ. ಬೆಳಿಗ್ಗೆಯೆಲ್ಲ ಸಮುದ್ರ, ಸ್ವರ್ಗ. ಆದರೆ ಅಮೆರಿಕದ ಕ್ಲೈಂಟ್ ರಾತ್ರಿ 9:30ಕ್ಕೆ ಕಾಲ್ ಇಟ್ಟರೆ ಇಲ್ಲಿ ನಡುರಾತ್ರಿ. ಮತ್ತೆ ನ್ಯೆಪಿ ದಿನ ರಜೆ ಹಾಕಿಬಿಡಿ. ಅದು ಇಲ್ಲಿಯ ಶಕ ವರ್ಷದ ಮೊದಲ ದಿನ, ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತೆ. 2025ರಲ್ಲಿ ಮಾರ್ಚ್ 29ಕ್ಕೆ ನ್ಯೆಪಿ, ಮಾರನೇ ದಿನ ನಮ್ಮ ಯುಗಾದಿ. ನಾವು ಒಬ್ಬಟ್ಟು ತಿಂತೀವಿ, ಇವರು 24 ಗಂಟೆ ದೀಪ ಹಚ್ಚಲ್ಲ, ಬೀದಿಗೆ ಇಳಿಯಲ್ಲ. ಏರ್‌ಪೋರ್ಟ್ ಬಂದ್, ಮೊಬೈಲ್ ಡೇಟಾ ಕೂಡ ಬಂದ್. ಹೊರಗೆ ಇಣುಕಿದರೆ ಪೆಚಲಾಂಗ್ ಅಂತ ಊರ ಕಾವಲಿನವರು ಬಂದು ಒಳಗೆ ಕಳಿಸುತ್ತಾರೆ. ಮ್ಯಾನೇಜರ್‌ಗೆ ಇದನ್ನು ವಿವರಿಸೋದಕ್ಕೆ ನನಗೆ ಮೂರು ಮೇಲ್ ಬೇಕಾಯ್ತು.

ಲೆಕ್ಕದ ಮೇಡಂ:
ನಾನು ಸಿಎ, ಟ್ಯಾಕ್ಸ್ ವಿಷಯ ಮಾತ್ರ ಹೇಳುತ್ತೇನೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಎಣಿಸಿ, 183 ದಿನ ಆಗುತ್ತೆ. ಒಂದು ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೇ ಸಾಕು, ಟ್ಯಾಕ್ಸ್ ಲೆಕ್ಕಕ್ಕೆ ನೀವು ಇಲ್ಲಿಯ ರೆಸಿಡೆಂಟ್. ಅಂದರೆ ಆ ವರ್ಷ ಎಲ್ಲಿ ಕೂತು ದುಡಿದರೂ ಟ್ಯಾಕ್ಸ್ ಇಲ್ಲಿ ಕಟ್ಟಬೇಕು, ಕಂಪನಿ ಟಿಡಿಎಸ್ ಹಿಡಿಯುತ್ತಲೇ ಇರುತ್ತೆ. "ಎನ್‌ಆರ್‌ಐ ಆಗಿಬಿಡ್ತೀನಿ, ಟ್ಯಾಕ್ಸ್ ಉಳಿಯುತ್ತೆ" ಅಂತ ನನ್ನ ಹತ್ತಿರ ಬರೋರು ತುಂಬಾ ಜನ. ಅರ್ಧ ವರ್ಷ ದ್ವೀಪದಲ್ಲಿ ಇದ್ದು ಬಂದರೆ ಹಾಗೆ ಆಗಲ್ಲ ಕಣ್ರೀ.

ಹೋದ ದೇಶದಲ್ಲೂ ದಿನ ಎಣಿಸುತ್ತಾರೆ. ಇಂಡೊನೇಷ್ಯಾದಲ್ಲಿ 12 ತಿಂಗಳಲ್ಲಿ 183 ದಿನ ದಾಟಿದರೆ ಅಲ್ಲಿಯ ಟ್ಯಾಕ್ಸ್ ರೆಸಿಡೆಂಟ್ ಅನ್ನೋ ಪ್ರಶ್ನೆ ಏಳುತ್ತೆ. ಒಂದೇ ಆದಾಯಕ್ಕೆ ಎರಡು ಸಲ ಟ್ಯಾಕ್ಸ್ ಬೀಳದ ಹಾಗೆ ಎರಡೂ ದೇಶದ ನಡುವೆ ಒಪ್ಪಂದ ಇದೆ, ಆದರೆ ಒಪ್ಪಂದ ಇದೆ ಅಂದ ಮಾತ್ರಕ್ಕೆ ಪೇಪರ್ ಕೆಲಸ ತಪ್ಪಲ್ಲ.

ಆಫೀಸಿಗೆ ಹೇಳಲೇಬೇಕು. ವರ್ಕ್ ಫ್ರಮ್ ಹೋಮ್ ಅಂದರೆ ಯಾವ ದೇಶದಿಂದಲಾದರೂ ಅಂತ ಅರ್ಥ ಅಲ್ಲ. ನೀವು ಅಲ್ಲಿ ಕೂತು ಕಂಪನಿ ಪರವಾಗಿ ಡೀಲ್ ಮಾಡೋರಾದರೆ, ಆ ದೇಶ "ನಿಮ್ಮ ಕಂಪನಿಗೆ ನಮ್ಮಲ್ಲೊಂದು ಶಾಖೆ ಇದ್ದ ಹಾಗಾಯ್ತು, ಟ್ಯಾಕ್ಸ್ ಕೊಡಿ" ಅಂತ ಕೇಳಬಹುದು. ಬರೀ ಕೋಡ್ ಬರೆಯೋರಿಗೆ ಆ ಅಪಾಯ ಕಡಿಮೆ, ಆದರೂ ಎಚ್‌ಆರ್‌ನವರು ಹೆದರೋದು ಅದಕ್ಕೇ. ಲಿಖಿತವಾಗಿ ಒಪ್ಪಿಗೆ ತಗೊಳ್ಳಿ. ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ಭಾರತದೊಳಗೆ ಮಾತ್ರ, ಅದನ್ನೂ ಓದಿ ನೋಡಿ.

ಕಬ್ಬಿನ ಗದ್ದೆ:
ಬಾಲಿಯೇ ಆಗಬೇಕು ಅಂತ ಹಟ ಇಲ್ಲದಿದ್ದರೆ ಮಾರಿಷಸ್ ನೋಡಿ ಸರ್. ನಾನು ಮಂಡ್ಯದವನು, ಈಗ ತಮಾರಿನ್ ಹತ್ತಿರ ಇದ್ದೇನೆ. ಕಿಟಕಿ ತೆಗೆದರೆ ಇಲ್ಲೂ ಕಬ್ಬೇ, ಹೆಸರು ನೋಡಿ ನಗಬೇಡಿ.

ಇಲ್ಲಿ ಪ್ರೀಮಿಯಂ ವೀಸಾ ಅಂತ ಇದೆ, 2020ರಲ್ಲಿ ಕೋವಿಡ್ ಹೊತ್ತಿನಲ್ಲಿ ಶುರು ಮಾಡಿದ್ದು. ಒಂದು ವರ್ಷಕ್ಕೆ, ಮುಂದುವರಿಸಬಹುದು, ಶುಲ್ಕ ಇಲ್ಲ. ಆದಾಯ ತಿಂಗಳಿಗೆ 1,500 ಡಾಲರ್ ಇದ್ದರೆ ಸಾಕು, ನಿಮಗೆ ಆರಾಮಾಗಿ ಆಗುತ್ತೆ. ಸಂಬಳ ಮಾರಿಷಸ್ ಹೊರಗಿನಿಂದ ಬರಬೇಕು, ಇಲ್ಲಿಯ ಕೆಲಸಕ್ಕೆ ಕೈ ಹಾಕಬಾರದು. ಟಿಕೆಟ್, ಇನ್ಶೂರೆನ್ಸ್, ಎಲ್ಲಿ ಉಳಿಯುತ್ತೀರಿ ಅನ್ನೋದು ಕೇಳುತ್ತಾರೆ. ನಾವು ಇಲ್ಲಿ ಒಂದೂವರೆ ಗಂಟೆ ಹಿಂದೆ, ಹಾಗಾಗಿ 9:30ರ ಮೀಟಿಂಗ್ ಬೆಳಿಗ್ಗೆ 8ಕ್ಕೇ, ನಿದ್ದೆಗಣ್ಣಲ್ಲೇ ಹಾಜರಿ. ಆದರೆ ಸಂಜೆ 4:30ಕ್ಕೆ ಸಮುದ್ರದಲ್ಲಿರ್ತೀನಿ.

ಅಕ್ಟೋಬರ್‌ನಿಂದ ಮಾರ್ಚ್ ಅಂದಿರಲ್ಲ, ಅದರಲ್ಲಿ ಹೆಚ್ಚಿನದು ಚಂಡಮಾರುತದ ಕಾಲ, ಅದೊಂದು ಗೊತ್ತಿರಲಿ. ನವೆಂಬರ್‌ನಲ್ಲಿ ಶುರುವಾಗುತ್ತೆ. 1ರಿಂದ 4ರವರೆಗೆ ಎಚ್ಚರಿಕೆ ಕ್ಲಾಸ್ ಹೇಳುತ್ತಾರೆ, 3 ಅಂದರೆ ಎಲ್ಲ ಮುಚ್ಚಿ ಮನೆ ಸೇರಬೇಕು. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತ ಬಂದಾಗ ರಾಜಧಾನಿ ಪೋರ್ಟ್ ಲೂಯಿಯ ಬೀದಿಯಲ್ಲಿ ಕಾರುಗಳು ತೇಲಿಹೋದವು. ಬಾಡಿಗೆ ಮನೆ ನೋಡುವಾಗ ವ್ಯೂ ಆಮೇಲೆ, ಮೊದಲು ನೀರಿನ ಟ್ಯಾಂಕ್ ಇದೆಯಾ, ಶಟರ್ ಗಟ್ಟಿ ಇದೆಯಾ ಕೇಳಿ.

ಊಟಕ್ಕೆ ಯೋಚನೆ ಬೇಡ. ಧೋಲ್ ಪುರಿ ಅಂತ ಬೀದಿ ಬೀದಿಯಲ್ಲಿ ಸಿಗುತ್ತೆ, ನಮ್ಮ ಒಬ್ಬಟ್ಟಿನಲ್ಲಿ ಬೆಲ್ಲ ಬಿಟ್ಟು ಬರೀ ಬೇಳೆ ತುಂಬಿದ ಹಾಗೆ, ಮೇಲೆ ಪಲ್ಯ, ಚಟ್ನಿ. ನಾನು ತಿಂಗಳಿಗೆ ಎಷ್ಟು ತಿಂತೀನಿ ಅಂತ ಇಲ್ಲಿ ಬರೆಯಲ್ಲ, ಹೆಂಡತಿ ಓದುತ್ತಾಳೆ.

ತೆಂಗಿನಮರದ ಕೆಳಗೆ:
ಸಸ್ಯಾಹಾರಿಗಳಾದರೆ ಊಟದ ವಿಷಯದಲ್ಲಿ ಮಾರಿಷಸ್ಸೇ ವಾಸಿ, ಒಪ್ಪಿದೆ. ಬಾಲಿಯಲ್ಲಿ ಟೆಂಪೆ (ಹುದುಗಿಸಿದ ಸೋಯಾ) ಚೆನ್ನಾಗಿರುತ್ತೆ, ಆದರೆ ಸಂಬಲ್ ಅನ್ನೋ ಮೆಣಸಿನಕಾಯಿ ಚಟ್ನಿಯಲ್ಲಿ ಸಿಗಡಿ ಪೇಸ್ಟ್ ಇರುತ್ತೆ, ಪ್ರತಿ ಸಲ ಕೇಳಿ ತಿನ್ನಬೇಕು.

ಫಿಲ್ಟರ್ ಕಾಫಿ 2 ಲೋಟ:
ಎಲ್ಲರಿಗೂ ಥ್ಯಾಂಕ್ಸ್. 60,000 ಡಾಲರ್ ನೋಡಿ ಬಾಲಿ ಆಸೆ ಅಲ್ಲೇ ಬಿಟ್ಟೆ. ಇವತ್ತು ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ, "ಲೀಗಲ್ ಟೀಮ್ ಕೇಳಿ ಹೇಳ್ತೀವಿ" ಅಂದಿದ್ದಾರೆ. ಲೆಕ್ಕದ ಮೇಡಂ, ಅಕ್ಟೋಬರ್ 1ರಿಂದ ಮಾರ್ಚ್ 31 ಅಂದರೆ 182 ದಿನ. ಮಾರಿಷಸ್‌ನಲ್ಲಿ ಎಷ್ಟು ದಿನದ ಲೆಕ್ಕ? ಮತ್ತೆ ನಮ್ಮಮ್ಮ ಒಂದು ತಿಂಗಳು ಬಂದಿರ್ತೀನಿ ಅಂತಿದ್ದಾರೆ.

ಲೆಕ್ಕದ ಮೇಡಂ:
ಅಲ್ಲೂ 183. ಅವರ ವರ್ಷ ಜುಲೈನಿಂದ ಜೂನ್‌ವರೆಗೆ, ಹಾಗಾಗಿ ನಿಮ್ಮ ಆರು ತಿಂಗಳೂ ಒಂದೇ ವರ್ಷದಲ್ಲಿ ಬೀಳುತ್ತೆ. ಒಂದೇ ಒಂದು ದಿನದ ಅಂತರ ಇಟ್ಟುಕೊಂಡು ಟಿಕೆಟ್ ಬುಕ್ ಮಾಡಬೇಡಿ. ಅಲ್ಲಿಂದ ಒಂದು ವಾರ ಮೊದಲೇ ಹೊರಡಿ.

ಕಬ್ಬಿನ ಗದ್ದೆ:
ಅಮ್ಮನ್ನ ಕರ್ಕೊಂಡು ಬನ್ನಿ ಸರ್. ನಮ್ಮ ಪಾಸ್‌ಪೋರ್ಟಿಗೆ ಪ್ರವಾಸಕ್ಕೆ ಮೊದಲೇ ವೀಸಾ ಬೇಕಿಲ್ಲ. ಶಿವರಾತ್ರಿ ಹೊತ್ತಿಗೆ ಬಂದರೆ ಗಂಗಾ ತಲಾವ್ ಅನ್ನೋ ಪವಿತ್ರ ಕೆರೆ ನೋಡಬಹುದು, ಕಾವಡಿ ಹೊತ್ತು ಊರೂರಿಂದ ನಡೆದೇ ಬರುತ್ತಾರೆ. ಬರುವಾಗ ಎರಡು ಕೆಜಿ ಕಾಫಿ ಪುಡಿ, ಚಿಕೋರಿ ಕಮ್ಮಿ ಇರೋದು.