ಮನೆಯಲ್ಲೇ ಸೊಳ್ಳೆ ಬಲೆ, ಎಲೆ ನೆನೆಸಿದ ನೀರು: ಕೀಟತಜ್ಞೆಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕಿ: ಇವತ್ತಿನ ವಿಷಯ ಮನೆಯಲ್ಲೇ ಮಾಡುವ ಸೊಳ್ಳೆ ಬಲೆ. ಎಲೆ, ಹುಲ್ಲು, ಹಣ್ಣು ಇಟ್ಟು ಸೊಳ್ಳೆಯನ್ನು ಸೆಳೆಯುವುದು ಹೇಗೆ ಅಂತ ತುಂಬ ಜನ ಕೇಳುತ್ತಿದ್ದೀರಿ. ನಮ್ಮ ಗುಂಪಿನ ಕೀಟತಜ್ಞೆ ಮೇಡಂ ಉತ್ತರ ಕೊಡುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹೊಸ ಸದಸ್ಯ: ಮೇಡಂ ನಮಸ್ಕಾರ. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಮೇಲಿನ ಭಾಗವನ್ನು ತಲೆಕೆಳಗಾಗಿ ಕೂರಿಸಿ, ಒಳಗೆ ಸಕ್ಕರೆ ನೀರು, ಈಸ್ಟ್ ಹಾಕುವ ವಿಡಿಯೋ ನೋಡಿದೆ. ಅದು ಕೆಲಸ ಮಾಡುತ್ತಾ?

ಕೀಟತಜ್ಞೆ: ನಮಸ್ಕಾರ. ಯೋಚನೆ ಸರಿಯಾಗಿದೆ, ಬಾಟಲಿ ಸಾಲದು. ಈಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನಮ್ಮ ಉಸಿರಲ್ಲೂ ಅದೇ ಇದೆ. ರಕ್ತ ಹುಡುಕುವ ಹೆಣ್ಣು ಸೊಳ್ಳೆ ಅದರ ಜಾಡು ಹಿಡಿದು ಬರುತ್ತದೆ. ಆದರೆ ಹತ್ತಿರ ಬಂದ ಮೇಲೆ ಅದಕ್ಕೆ ಮೈಯ ಬಿಸಿ ಬೇಕು, ಬೆವರಿನ ವಾಸನೆ ಬೇಕು. ಬಾಟಲಿಯಲ್ಲಿ ಎರಡೂ ಇಲ್ಲ. ಸಂಶೋಧನೆಯಲ್ಲಿ ಈಸ್ಟ್ ಬಳಸುವ ಬಲೆಗಳಿಗೆ ಸೊಳ್ಳೆಯನ್ನು ಒಳಗೆ ಎಳೆದುಕೊಳ್ಳುವ ಫ್ಯಾನ್ ಇರುತ್ತದೆ. ಫ್ಯಾನ್ ಇಲ್ಲದ ಬಾಟಲಿಯಲ್ಲಿ ಹೆಚ್ಚಾಗಿ ಬೀಳುವುದು ಹಣ್ಣಿನ ನೊಣ. ಬಿದ್ದಿದ್ದನ್ನು ಕಾಗದದ ಮೇಲೆ ಹರಡಿ ನೋಡಿ. ತಲೆಯಿಂದ ಮುಂದಕ್ಕೆ ಸೂಜಿಯಂಥ ಉದ್ದ ಮೂತಿ ಇದ್ದರೆ ಸೊಳ್ಳೆ. ಇಲ್ಲದಿದ್ದರೆ ಅಲ್ಲ.

ಜೇನು ಸಾಕುವವ: ಹಣ್ಣಿನ ರಸಕ್ಕೆ ಬೋರಿಕ್ ಆ್ಯಸಿಡ್ ಸೇರಿಸಿ ಗಿಡಗಳ ಮೇಲೆ ಸಿಂಪಡಿಸಿದರೆ ಸೊಳ್ಳೆ ಕುಡಿದು ಸಾಯುತ್ತವೆ ಅಂತ ಪಕ್ಕದವರು ಹೊರಟಿದ್ದಾರೆ. ನನ್ನ ಜೇನುಪೆಟ್ಟಿಗೆ ಅಲ್ಲೇ ಇವೆ. ಭಯ ಆಗುತ್ತಿದೆ.

ಕೀಟತಜ್ಞೆ: ಭಯ ಸರಿಯಾದದ್ದೇ. ಸೊಳ್ಳೆಗೆ ಬರೀ ರಕ್ತವೇ ಆಹಾರ ಅಂದುಕೊಳ್ಳುತ್ತೇವೆ. ಹಾಗಲ್ಲ. ಗಂಡು ಸೊಳ್ಳೆ ರಕ್ತ ಕುಡಿಯುವುದೇ ಇಲ್ಲ, ಮಕರಂದ ಮತ್ತು ಗಿಡದ ಸಿಹಿ ರಸದಲ್ಲೇ ಬದುಕುತ್ತದೆ. ಹೆಣ್ಣಿಗೂ ಹಾರಲು ಸಕ್ಕರೆ ಬೇಕು, ರಕ್ತ ಬೇಕಾಗುವುದು ಮೊಟ್ಟೆ ಬೆಳೆಸಲು. ಹಾಗಾಗಿ ಸಿಹಿಯಲ್ಲಿ ವಿಷ ಸೇರಿಸುವ ವಿಧಾನ ಗಟ್ಟಿಯಾದದ್ದೇ. ಆಫ್ರಿಕಾದ ಮಾಲಿಯಲ್ಲಿ ಹಣ್ಣಿನ ವಾಸನೆಯ ಸಿಹಿ ವಿಷವನ್ನು ಮಲೇರಿಯಾ ಸೊಳ್ಳೆಗಳ ಮೇಲೆ ಪರೀಕ್ಷಿಸಿದ್ದಾರೆ. ಆದರೆ ಸಿಹಿ ಸೊಳ್ಳೆಯನ್ನು ಮಾತ್ರ ಕರೆಯುವುದಿಲ್ಲ. ಜೇನು, ಚಿಟ್ಟೆ, ಇರುವೆ ಎಲ್ಲವೂ ಬರುತ್ತವೆ. ಹೂವಿನ ಮೇಲೆ ಸಿಂಪಡಿಸುವುದು ಖಂಡಿತ ಬೇಡ. ಮನೆಯಲ್ಲಿ ಬಟ್ಟಲಲ್ಲಿ ಇಡುವುದೂ ಬೇಡ, ಹಣ್ಣಿನ ರಸ ಅಂತ ಮಗು ಕುಡಿದೀತು. ಇದನ್ನು ಅವರಿಗೆ ಇವತ್ತೇ ತೋರಿಸಿ.

ಸಂಜೆ ಮಲ್ಲಿಗೆ: ಮೇಡಂ, ಬಾಟಲಿಗೆ ಈಸ್ಟ್, ಸಕ್ಕರೆ ಹಾಕಿದರೆ ಆಗುತ್ತಾ?

ಕೀಟತಜ್ಞೆ: ಮೇಲೆ ಉತ್ತರಿಸಿದ್ದೇನೆ.

ತಾರಸಿ ತೋಟ: ನಂದು ಸ್ವಲ್ಪ ಉದ್ದ ಮೇಡಂ. ಎರಡು ತಿಂಗಳ ಹಿಂದೆ ಒಣಹುಲ್ಲು ನೆನೆಸಿದ ನೀರನ್ನು ಕಪ್ಪು ಡಬ್ಬಿಗಳಿಗೆ ತುಂಬಿ, ತಾರಸಿ ಮತ್ತು ಹಿತ್ತಲಲ್ಲಿ ಒಂಬತ್ತು ಕಡೆ ಇಟ್ಟೆ. ಸೊಳ್ಳೆ ಮೊಟ್ಟೆ ಇಡಲು ಬರುತ್ತದೆ, ವಾರಕ್ಕೊಮ್ಮೆ ಚೆಲ್ಲಿದರೆ ಸಾಕು ಅಂತ ಓದಿದ್ದೆ. ಮೊದಮೊದಲು ಚೆನ್ನಾಗಿ ನಡೆಯಿತು. ಪ್ರತಿ ವಾರ ಹುಳ ಸಿಗುತ್ತಿದ್ದವು. ಆಮೇಲೆ ಇಪ್ಪತ್ತು ದಿನ ಊರಲ್ಲಿರಲಿಲ್ಲ. ವಾಪಸ್ ಬಂದು ನೀರೆಲ್ಲ ಚೆಲ್ಲಿ ಹೊಸದಾಗಿ ತುಂಬಿದೆ. ಈಗ ಹಾಡಹಗಲೇ ಕಾಲಿಗೆ ಕಚ್ಚುತ್ತಿವೆ. ಮೊದಲಿಗಿಂತ ಜಾಸ್ತಿ. ಸೊಳ್ಳೆ ಕಾಲಿನಲ್ಲಿ ಬಿಳಿ ಪಟ್ಟಿ ಇದೆ. ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ. ಎಲ್ಲಿ ತಪ್ಪಾಯಿತು?

ಕೀಟತಜ್ಞೆ: ಇದನ್ನು ಓದಿ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟೆ. ಮೊದಲು ಎದ್ದು ಹೋಗಿ ಒಂಬತ್ತೂ ಡಬ್ಬಿ ಖಾಲಿ ಮಾಡಿ. ನೀರನ್ನು ಚರಂಡಿಗೆ ಚೆಲ್ಲಬೇಡಿ, ಬಿಸಿಲು ಬೀಳುವ ಒಣ ಮಣ್ಣಿಗೆ ಚೆಲ್ಲಿ. ಆಮೇಲೆ ಮುಂದಕ್ಕೆ ಓದಿ.

ಕಾಲಲ್ಲಿ ಬಿಳಿ ಪಟ್ಟಿ, ಹಗಲು ಕಚ್ಚುವುದು, ಎರಡೂ ಈಡಿಸ್ ಜಾತಿಯ ಗುರುತು. ಡೆಂಗಿ, ಚಿಕುನ್‌ಗುನ್ಯ ಹರಡುವುದು ಇದೇ. ಬೆಚ್ಚಗಿನ ದಿನಗಳಲ್ಲಿ ಇದರ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು 7ರಿಂದ 10 ದಿನ ಸಾಕು. ನೀವು ಇಲ್ಲದ ಇಪ್ಪತ್ತು ದಿನಗಳಲ್ಲಿ ನಿಮ್ಮ ಬಲೆಗಳೇ ಸೊಳ್ಳೆ ಸಾಕುವ ತೊಟ್ಟಿ ಆದವು. ಹುಲ್ಲಿನ ನೀರು ಸೊಳ್ಳೆಯನ್ನು ಕೊಲ್ಲುವುದಿಲ್ಲ. ಅದು ಕರೆಯುತ್ತದೆ, ಅಷ್ಟೇ. ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಹುಳಗಳಿಗೆ ಊಟ ಕೂಡ. ಕರೆದ ಮೇಲೆ ಕೊಲ್ಲುವ ಕೆಲಸ ನಿಮ್ಮದು, ಅದಕ್ಕೆ ಒಂದು ವಾರವೂ ರಜೆ ಇಲ್ಲ.

ಎರಡನೇ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಡಬ್ಬಿ ಖಾಲಿ ಮಾಡಿದ ಮೇಲೆ ಟಾರ್ಚ್ ಹಿಡಿದು ಒಳಗೋಡೆ ನೋಡಿ. ನೀರು ನಿಂತಿದ್ದ ಗೆರೆಗಿಂತ ಸ್ವಲ್ಪ ಮೇಲೆ ಕಪ್ಪು ಚುಕ್ಕಿಗಳು ಇರುತ್ತವೆ. ಒಂದೊಂದೂ ಒಂದು ಮಿಲಿಮೀಟರಿಗಿಂತ ಚಿಕ್ಕದು. ಒದ್ದೆ ಬೆರಳಲ್ಲಿ ಸವರಿದರೆ ಸುಲಭಕ್ಕೆ ಬರುವುದಿಲ್ಲ. ಅವೇ ಈಡಿಸ್ ಮೊಟ್ಟೆ. ಇದು ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿನ ಒದ್ದೆ ಗೋಡೆಗೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕುತ್ತವೆ. ಮತ್ತೆ ನೀರು ಮುಟ್ಟಿದ ತಕ್ಷಣ ಒಡೆಯುತ್ತವೆ. ನೀವು ನೀರು ಚೆಲ್ಲಿದಿರಿ, ಮೊಟ್ಟೆ ಗೋಡೆಯಲ್ಲೇ ಉಳಿಯಿತು. ಹೊಸ ನೀರು ತುಂಬಿದಿರಿ, ಮರಿ ಆದವು. ಆದ್ದರಿಂದ ಚೆಲ್ಲಿದರೆ ಸಾಲದು. ಗಟ್ಟಿ ಬ್ರಷ್ಷು, ಸೋಪು ಹಾಕಿ ಒಳಗೋಡೆ ಪೂರ್ತಿ ಉಜ್ಜಬೇಕು, ಮೇಲಿನ ಅಂಚಿನವರೆಗೂ. ಕುದಿಯುವ ನೀರು ಹುಯ್ದರೆ ಇನ್ನೂ ಒಳ್ಳೆಯದು.

ಮುಂದೆ ಬಲೆ ಇಡಲೇಬೇಕು ಅಂದರೆ ಹೀಗೆ ಮಾಡಿ. ನೀರಿನ ಮಟ್ಟಕ್ಕೆ ಸರಿಯಾಗಿ ಸೊಳ್ಳೆ ಪರದೆಯ ಜಾಲರಿಯನ್ನು ಬಿಗಿಯಾಗಿ ಕಟ್ಟಿ. ಆಗ ತಾನೇ ಒಡೆದ ಮರಿ ಜಾಲರಿಯ ಕಣ್ಣಿನಿಂದ ಕೆಳಗೆ ಇಳಿಯುತ್ತದೆ, ಅಲ್ಲೇ ಬೆಳೆಯುತ್ತದೆ, ರೆಕ್ಕೆ ಬಂದ ಮೇಲೆ ಮೇಲೆ ಬರಲಾಗದೆ ಸಾಯುತ್ತದೆ. ಮಳೆ ಬಂದು ನೀರು ಜಾಲರಿಯ ಮೇಲೆ ಬಂದರೆ ಎಲ್ಲ ವ್ಯರ್ಥ. ಹಾಗಾಗಿ ಜಾಲರಿಗಿಂತ ಒಂದು ಚೂರು ಕೆಳಗೆ ಡಬ್ಬಿಗೆ ತೂತು ಕೊರೆಯಿರಿ, ಹೆಚ್ಚಿನ ನೀರು ಹರಿದುಹೋಗಲಿ. ತೂತಿಗೂ ಜಾಲರಿ ಅಂಟಿಸಿ. ಇಲ್ಲವೇ ಬಿಟಿಐ ಹಾಕಿ. ಅದೊಂದು ಮಣ್ಣಿನ ಬ್ಯಾಕ್ಟೀರಿಯಾ, 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ್ದು. ಹುಳ ಅದನ್ನು ತಿಂದರೆ ಹೊಟ್ಟೆ ಒಡೆದು ಸಾಯುತ್ತದೆ. ಜೇನು, ಮೀನು, ಮನುಷ್ಯರಿಗೆ ತೊಂದರೆ ಇಲ್ಲ. ಆದರೆ ಹುಳ ಪ್ಯೂಪಾ, ಅಂದರೆ ಸೊಳ್ಳೆಯಾಗುವ ಮುಂಚಿನ ಹಂತ, ಆದಮೇಲೆ ಏನೂ ತಿನ್ನುವುದಿಲ್ಲ, ಆಗ ಬಿಟಿಐ ನಾಟುವುದಿಲ್ಲ.

ಮಗುವಿಗೆ ಹಗಲು ಮಲಗಿದಾಗಲೂ ಸೊಳ್ಳೆ ಪರದೆ ಕಟ್ಟಿ. ಜ್ವರ ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ಡಬ್ಬಿ ಉಜ್ಜಿ ಮುಗಿದ ಮೇಲೆ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.

ಹೊಸ ಸದಸ್ಯ: ಡಬ್ಬಿ ಕಪ್ಪೇ ಆಗಬೇಕಾ? ಕೆಂಪು ಆಗುತ್ತಾ?

ಅಡುಗೆಮನೆ ಮದ್ದು: ಇಷ್ಟೆಲ್ಲ ಕಷ್ಟ ಯಾಕೆ? ಬೇವಿನ ಎಣ್ಣೆಯಲ್ಲಿ ಕರ್ಪೂರ ಪುಡಿ ಮಾಡಿ ಕರಗಿಸಿ, ಸೊಳ್ಳೆ ಮೆಷಿನ್‌ನ ಖಾಲಿ ಬಾಟಲಿಗೆ ತುಂಬಿ ಪ್ಲಗ್ ಹಾಕಿ. ಹತ್ತು ನಿಮಿಷದಲ್ಲಿ ಒಂದು ಸೊಳ್ಳೆ ಇರಲ್ಲ. ನೂರಕ್ಕೆ ನೂರು ನೈಸರ್ಗಿಕ. ಎಲ್ಲರಿಗೂ ಹಂಚಿ 🙏

ಕೀಟತಜ್ಞೆ: ದಯವಿಟ್ಟು ಹಂಚಬೇಡಿ. ಆ ಮೆಷಿನ್ ತೆಳುವಾದ ದ್ರವಕ್ಕಾಗಿ ಮಾಡಿದ್ದು. ಕರ್ಪೂರದ ಆವಿಗೆ ಬೆಂಕಿ ಹಿಡಿಯುತ್ತದೆ, ಅದನ್ನು ರಾತ್ರಿಯಿಡೀ ಬಿಸಿ ಮಾಡುವುದು ಅಪಾಯ. ಅದಕ್ಕಿಂತ ಮುಖ್ಯವಾಗಿ, ಚಿಕ್ಕ ಮಕ್ಕಳು ಕರ್ಪೂರವನ್ನು ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು. ಮೇಲೆ ಈಗಷ್ಟೇ ಒಬ್ಬರು ನಾಲ್ಕು ವರ್ಷದ ಮಗು ಇದೆ ಎಂದಿದ್ದಾರೆ.

ಅಡುಗೆಮನೆ ಮದ್ದು: ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಕರ್ಪೂರ ಇದೆ. ಯಾರಿಗೂ ಏನೂ ಆಗಿಲ್ಲ.

ಮೇಷ್ಟ್ರು: ನಿಮ್ಮ ಮನೆಯಲ್ಲಿ ಆಗಿಲ್ಲ ಅಂದರೆ ಯಾರ ಮನೆಯಲ್ಲೂ ಆಗಲ್ಲ ಅಂತಾನಾ? ಮೇಡಂ ಫಿಟ್ಸ್ ಅಂದಿದ್ದು ಓದಿದಿರಾ?

ಅಡುಗೆಮನೆ ಮದ್ದು: ಕಂಪನಿ ರಾಸಾಯನಿಕ ಕುಡಿಯುವವರಿಗೆ ಗಿಡಮೂಲಿಕೆ ಕಂಡರೆ ಅಲರ್ಜಿ.

ಮೇಷ್ಟ್ರು: ಕರ್ಪೂರವೂ ರಾಸಾಯನಿಕವೇ. ಗಿಡದಿಂದ ಬಂದ ಮಾತ್ರಕ್ಕೆ ಅಮೃತ ಆಗಲ್ಲ. ದತ್ತೂರ ಕೂಡ ಗಿಡವೇ.

ನಿರ್ವಾಹಕಿ: ಇಬ್ಬರೂ ವಿಷಯಕ್ಕೆ ಬನ್ನಿ.

ಬಿಎಸ್ಸಿ ವಿದ್ಯಾರ್ಥಿನಿ: ಮೇಡಂ, ನಾನು ನಾಲ್ಕು ಕಪ್ಪು ಲೋಟ ಇಟ್ಟೆ. ಬಿದಿರೆಲೆ ನೆನೆಸಿದ ನೀರು, ಹುಲ್ಲಿನ ನೀರು, ಸೀಬೆ ಎಲೆ ನೀರು, ಬರೀ ನೀರು. ಒಳಗೆ ಒರಟು ಕಾಗದದ ಪಟ್ಟಿ ನಿಲ್ಲಿಸಿ ವಾರಕ್ಕೊಮ್ಮೆ ಮೊಟ್ಟೆ ಎಣಿಸಿದೆ. ಮೂರೂ ವಾರ ಸೀಬೆ ಎಲೆಯಲ್ಲೇ ಜಾಸ್ತಿ. ಹುಲ್ಲಿನಲ್ಲಿ ಬರೀ ನೀರಿಗಿಂತಲೂ ಕಡಿಮೆ. ಇದನ್ನು ಪ್ರಾಜೆಕ್ಟ್ ಮಾಡಬಹುದಾ?

ಕೀಟತಜ್ಞೆ: ತುಂಬ ಒಳ್ಳೆಯ ಕೆಲಸ. ಯಾವ ಲೋಟ ಎಲ್ಲಿತ್ತು? ಹುಲ್ಲು ಎಷ್ಟು ದಿನ ನೆನೆದಿತ್ತು?

ಬಿಎಸ್ಸಿ ವಿದ್ಯಾರ್ಥಿನಿ: ಸೀಬೆ ಮೆಟ್ಟಿಲ ಕೆಳಗೆ. ಬಿದಿರು ಅದರ ಹತ್ತಿರ. ಹುಲ್ಲು ಗೋಡೆ ಮೇಲೆ, ಅಲ್ಲಿ ಬಿಸಿಲು ಬರುತ್ತದೆ. ಹತ್ತು ದಿನ ನೆನೆಸಿದ್ದೆ, ನೀರು ಬೆರೆಸದೆ ಹಾಗೇ ಹಾಕಿದೆ. ವಾಸನೆ ಜೋರಾಗಿತ್ತು.

ಕೀಟತಜ್ಞೆ: ಹಾಗಾದರೆ ಗೆದ್ದದ್ದು ಸೀಬೆ ಎಲೆಯೋ ಮೆಟ್ಟಿಲ ಕೆಳಗಿನ ನೆರಳೋ, ಇನ್ನೂ ಹೇಳಲಾಗದು. ಈಡಿಸ್‌ಗೆ ನೆರಳು, ಕತ್ತಲು ಇಷ್ಟ. ಬಿಸಿಲ ಗೋಡೆಗೆ ಅದು ಹೋಗುವುದೇ ಕಡಿಮೆ. ಪ್ರತಿ ವಾರ ಲೋಟಗಳ ಜಾಗ ಬದಲಿಸಿ. ನಾಲ್ಕು ವಾರದಲ್ಲಿ ಪ್ರತಿ ಲೋಟ ನಾಲ್ಕೂ ಜಾಗದಲ್ಲಿ ಒಮ್ಮೆ ಕೂತಿರಬೇಕು. ಒಂದೊಂದೇ ಲೋಟ ಸಾಲದು, ಪ್ರತಿಯೊಂದಕ್ಕೂ ಮೂರು ಇಡಿ.

ಹುಲ್ಲಿನ ವಿಷಯ ನನಗೆ ಆಶ್ಚರ್ಯ ತರಲಿಲ್ಲ. ಹುಲ್ಲಿನ ನೀರು ಹದವಾಗಿದ್ದರೆ ಈಡಿಸ್ ಬರುತ್ತದೆ, ಗಾಢವಾದರೆ ಹಿಂದೆ ಸರಿಯುತ್ತದೆ. ಒಂದು ಪಾಲು ಹುಲ್ಲಿನ ನೀರಿಗೆ ಒಂಬತ್ತು ಪಾಲು ಸಾದಾ ನೀರು ಬೆರೆಸಿ ಇನ್ನೊಂದು ಲೋಟ ಇಡಿ, ವ್ಯತ್ಯಾಸ ನಿಮಗೇ ಕಾಣುತ್ತದೆ. ಕೊಳಕು ನೀರಲ್ಲಿ ಬೆಳೆಯುವ ಕ್ಯೂಲೆಕ್ಸ್ ಎಂಬ ಇನ್ನೊಂದು ಜಾತಿಯ ಸೊಳ್ಳೆ ಮಾತ್ರ ಗಾಢ ವಾಸನೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಅದರ ಮೊಟ್ಟೆ ಪಟ್ಟಿಯ ಮೇಲೆ ಇರುವುದಿಲ್ಲ, ನೀರಿನ ಮೇಲೆ ಪುಟ್ಟ ತೆಪ್ಪದ ಹಾಗೆ ಒಟ್ಟಾಗಿ ತೇಲುತ್ತದೆ. ಅದನ್ನು ಬೇರೆಯೇ ಎಣಿಸಿ.

ಇನ್ನೊಂದು ವಿಷಯ. ಎಲೆಗಿಂತ ಎಲೆಯ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಮುಖ್ಯ. ಬಿದಿರೆಲೆ ನೀರಿನ ಮೇಲೆ ನಡೆದ ಸಂಶೋಧನೆಯಲ್ಲಿ ಬ್ಯಾಕ್ಟೀರಿಯಾ ಬಿಡುವ ಕೆಲವು ಕೊಬ್ಬಿನಾಮ್ಲಗಳೇ ಸೊಳ್ಳೆಯನ್ನು ಮೊಟ್ಟೆ ಇಡಲು ಪ್ರೇರೇಪಿಸುತ್ತವೆ ಎಂದು ಕಂಡಿದ್ದಾರೆ. ಪ್ರಮಾಣ ಮೀರಿದರೆ ಅವೇ ಓಡಿಸುತ್ತವೆ. ಹಾಗಾಗಿ ಎಲೆಯ ತೂಕ, ನೀರಿನ ಅಳತೆ, ನೆನೆಸಿದ ದಿನ ಬರೆದಿಡಿ. ಸಾದಾ ನೀರನ್ನೂ ಅಷ್ಟೇ ದಿನ ಇಟ್ಟು ಬಳಸಿ. ಎಣಿಸಿದ ಪಟ್ಟಿಗಳನ್ನು ಕುದಿಯುವ ನೀರಿಗೆ ಹಾಕಿ, ಕಸದ ಬುಟ್ಟಿಗೆ ಹಾಕಬೇಡಿ. ಮುಂದಿನ ಎಣಿಕೆ ನನಗೆ ಖಂಡಿತ ಕಳಿಸಿ.

ಹೂಕುಂಡ: ಕುಂಡದಲ್ಲಿ ನಿಂಬೆಹುಲ್ಲು ಬೆಳೆಸಿದರೆ ಸೊಳ್ಳೆ ಬರಲ್ವಂತೆ?

ಕೀಟತಜ್ಞೆ: ಸುಮ್ನೆ ನಿಂತ ಗಿಡದಿಂದ ಉಪಯೋಗ ಇಲ್ಲ. ಎಣ್ಣೆ ತೆಗೆದು ಹಚ್ಚಿದರೂ ಬೇಗ ಆರಿಹೋಗುತ್ತದೆ. ಕುಂಡದ ಕೆಳಗಿನ ತಟ್ಟೆಯ ನೀರು ಚೆಲ್ಲಿ.

ನೀಲಿ ಬೆಳಕು: ನೀಲಿ ಲೈಟಿನ, ಚಟಪಟ ಅನ್ನುವ ಮೆಷಿನ್?

ಕೀಟತಜ್ಞೆ: ಬೇಡ. ಸಾಯುವುದು ಹೆಚ್ಚಾಗಿ ಬೇರೆ ಹುಳ.

ಸಂಜೆ ಮಲ್ಲಿಗೆ: ಡೆಂಗಿ ಬಂದರೆ ಪಪ್ಪಾಯಿ ಎಲೆ ರಸ ಕುಡಿಯಬಹುದಾ?

ಕೀಟತಜ್ಞೆ: ನಾನು ಕೀಟತಜ್ಞೆ. ಜ್ವರಕ್ಕೆ ವೈದ್ಯರು. ಅವರು ಹೇಳದೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು.

ಮೇಷ್ಟ್ರು: ನಾವೊಬ್ಬರೇ ಬಲೆ ಇಟ್ಟು ಏನು ಪ್ರಯೋಜನ? ಪಕ್ಕದ ಮನೆಯ ಡ್ರಮ್ ಮುಚ್ಚಲ್ಲ.

ಹೂಕುಂಡ: ಇದನ್ನೇ ಹೇಳಿ ಎಲ್ಲರೂ ಕೈಕಟ್ಟಿ ಕೂರುತ್ತಾರೆ. ನಿಮ್ಮ ಮನೆಯದು ಮೊದಲು ಮುಚ್ಚಿ.

ಮೇಷ್ಟ್ರು: ನಮ್ಮದು ಮುಚ್ಚಿದೆ. ಸೊಳ್ಳೆಗೆ ಕಾಂಪೌಂಡ್ ಗೋಡೆ ಗೊತ್ತಾ?

ಹೂಕುಂಡ: ಹಾಗಾದರೆ ಹೋಗಿ ಪಕ್ಕದವರಿಗೆ ಹೇಳಿ, ಇಲ್ಲಿ ಟೈಪ್ ಮಾಡಿ ಏನಾಗುತ್ತೆ?

ಕೀಟತಜ್ಞೆ: ಇಬ್ಬರ ಮಾತಿನಲ್ಲೂ ಸತ್ಯ ಇದೆ. ಪೋರ್ಟೊ ರಿಕೊದಲ್ಲಿ ಹುಲ್ಲಿನ ನೀರು, ಅಂಟು ಇರುವ ಬಲೆಗಳನ್ನು ಒಂದು ಬಡಾವಣೆಯ ಹೆಚ್ಚಿನ ಮನೆಗಳಲ್ಲಿ ತಲಾ 3ರಂತೆ ಇಟ್ಟರು. ಈಡಿಸ್ ಅರ್ಧಕ್ಕಿಂತ ಕಡಿಮೆ ಆಯಿತು. ಎಲ್ಲೋ ಒಂದೆರಡು ಮನೆಯಲ್ಲಿ ಇಟ್ಟಿದ್ದರೆ ಹಾಗೆ ಆಗುತ್ತಿರಲಿಲ್ಲ. ಅದಕ್ಕೂ ಮೊದಲು ತೆರೆದ ನೀರು ಮುಚ್ಚಬೇಕು. ತೆರೆದ ಡ್ರಮ್ ಪಕ್ಕದಲ್ಲಿದ್ದರೆ ಸೊಳ್ಳೆ ನಿಮ್ಮ ಬಲೆಯಲ್ಲೂ ಇಡುತ್ತದೆ, ಡ್ರಮ್ಮಿನಲ್ಲೂ ಇಡುತ್ತದೆ. ಒಂದು ಸಲದ ಮೊಟ್ಟೆಗಳನ್ನು ಹಲವು ಕಡೆ ಹಂಚುವುದು ಈಡಿಸ್‌ನ ಗುಣ.

ಇನ್ನೊಬ್ಬ ಸದಸ್ಯ: ಈಸ್ಟ್ ಬಾಟಲಿ ಬಗ್ಗೆ ಯಾರಾದರೂ ಹೇಳ್ತೀರಾ?

ಮೇಷ್ಟ್ರು: ಮೇಲೆ ಓದಿ ಸ್ವಾಮಿ! ಮೂರನೇ ಸಲ.

ಅಡುಗೆಮನೆ ಮದ್ದು: ಓದಿದವರ ಗುಂಪು, ನಮ್ಮಂಥವರಿಗೆ ಬೆಲೆ ಇಲ್ಲ. *ನಿಂಬೆಹಣ್ಣಿಗೆ ಲವಂಗ ಚುಚ್ಚಿ ಇಡಿ, ಸೊಳ್ಳೆ ಮಾಯ. ಹತ್ತು ಜನಕ್ಕೆ ಕಳಿಸಿ.*

ಕೀಟತಜ್ಞೆ: ಇದರಿಂದ ಸೊಳ್ಳೆ ಹೋಗುವುದಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಈ ಸಂದೇಶದ ಮೇಲೆ ಇದೆ. ಇದನ್ನು ನಂಬಿದ ಮನೆಯಲ್ಲಿ ಡ್ರಮ್ ತೆರೆದೇ ಇರುತ್ತದೆ. ಇದೇ ಕೊನೆ, ಫಾರ್ವರ್ಡ್‌ಗೆ ಇನ್ನು ಉತ್ತರ ಕೊಡುವುದಿಲ್ಲ.

ಹೊಸ ಸದಸ್ಯ: ಕೆಂಪು ಡಬ್ಬಿ ಬಗ್ಗೆ ಕೇಳಿದ್ದೆ...

ತಾರಸಿ ತೋಟ: ಮೇಡಂ, ಉಜ್ಜಿದೆ. ಟಾರ್ಚ್ ಹಿಡಿದು ನೋಡಿದೆ, ಚುಕ್ಕಿ ನಿಜವಾಗಲೂ ಇದ್ದವು, ಸಾಲುಸಾಲಾಗಿ. ಕುದಿಯುವ ನೀರೂ ಹಾಕಿದೆ. ಎಂಟು ಡಬ್ಬಿ ಮುಗಿಯಿತು.

ಕೀಟತಜ್ಞೆ: ಒಂಬತ್ತು ಅಂದಿದ್ದಿರಿ.

ತಾರಸಿ ತೋಟ: ಒಂದು ಸಿಗುತ್ತಿಲ್ಲ. ಎಲ್ಲಿಟ್ಟೆ ಅಂತ ನೆನಪಿಲ್ಲ. ವಾಪಸ್ ಬಂದ ದಿನ ಅದನ್ನು ಖಾಲಿ ಮಾಡಿದೆನೋ ಇಲ್ಲವೋ ಅದೂ ನೆನಪಿಲ್ಲ.

ಕೀಟತಜ್ಞೆ: ಹುಡುಕಿ. ಈಗಲೇ. ನೆರಳು ಇರುವ ಕಡೆ, ನೆಲಕ್ಕೆ ಹತ್ತಿರ, ನೀರಿನ ಟ್ಯಾಂಕಿನ ಹಿಂದೆ, ಗಿಡದ ಬುಡದಲ್ಲಿ.

ತಾರಸಿ ತೋಟ: ಸಿಕ್ಕಿತು. ಟ್ಯಾಂಕಿನ ಹಿಂದೆಯೇ. ಒಳಗೆ ಹುಳ ಕಡಿಮೆ. ಅಲ್ಪವಿರಾಮದ ಹಾಗೆ ಬಾಗಿದವು ತುಂಬ ಇವೆ, ಡಬ್ಬಿ ಅಲ್ಲಾಡಿಸಿದರೆ ಪಲ್ಟಿ ಹೊಡೆಯುತ್ತಾ ಕೆಳಗೆ ಹೋಗುತ್ತವೆ.

ಕೀಟತಜ್ಞೆ: ಅವೇ ಪ್ಯೂಪಾ. ಒಂದೆರಡು ದಿನದಲ್ಲಿ ಹಾರುತ್ತವೆ. ಒಣ ಮಣ್ಣಿಗೆ ಚೆಲ್ಲಿ, ಡಬ್ಬಿಗೆ ಕುದಿಯುವ ನೀರು. ಚೆಲ್ಲಿದ ಮೇಲೆ ಹೇಳಿ.

ತಾರಸಿ ತೋಟ: ಚೆಲ್ಲಿದೆ ಮೇಡಂ.