ಬೆದೆಗೆ ಬಂದಾಗ ಗರ್ತ್ ಮುಟ್ಟಗೊಡದ ಹೆಣ್ಣುಕುದುರೆ: ಏನು ಮಾಡಬಹುದು?

ಲಾಯದ ಕೀಲಿ

ಬೆಂಗಳೂರು ಹೊರವಲಯದ ಚಿಕ್ಕ ರೈಡಿಂಗ್ ಸ್ಕೂಲಿನ ಕುದುರೆ. ಮಾರ್ವಾಡಿ ಮಿಶ್ರತಳಿ, ಏಳು ವರ್ಷ, ಸುಮಾರು 400 ಕೆಜಿ, ಇನ್ನೂ ಈದಿಲ್ಲ. ಒಳ್ಳೆಯ ದಿನಗಳಲ್ಲಿ ಹತ್ತು ವರ್ಷದ ಮಕ್ಕಳು ಹತ್ತಿದರೂ ಸಾಧು. ಕೆಟ್ಟ ದಿನಗಳಲ್ಲಿ ಬಾಲ ಎತ್ತಿ ಸ್ವಲ್ಪ ಸ್ವಲ್ಪವೇ ಮೂತ್ರ ಬಿಡ್ತಾಳೆ, ಪಕ್ಕದ ಕುದುರೆ ಕಂಡರೆ ಕಿರುಚ್ತಾಳೆ, ಗರ್ತ್ (ಜೀನು ಕಟ್ಟುವ ಹೊಟ್ಟೆಪಟ್ಟಿ) ಬಿಗಿಯುವಾಗ ಕಚ್ಚೋಕೆ ಬರ್ತಾಳೆ, ಕಾಲು ಒತ್ತಿದರೆ ಮುಂದೆ ಹೋಗೋ ಬದಲು ಹಿಂಗಾಲು ಎಸೀತಾಳೆ.

ಮೇವು: ಬೆಳಿಗ್ಗೆ, ಸಂಜೆ ಒಟ್ಟು ಸೇರಿಸಿ ಹೊತ್ತಿಗೆ ಎರಡೂವರೆ ಕೆಜಿಯಂತೆ ಓಟ್ಸ್, ಬೇಯಿಸಿದ ಹುರುಳಿ, ಬೂಸಾ. ಒಣಹುಲ್ಲು ದಿನಕ್ಕೆ ಮೂರು ಕೆಜಿ ಇರಬಹುದು. ಪಕ್ಕದ ಬಾಕ್ಸಿನಲ್ಲಿ ಬೀಜದ ಕುದುರೆ ಇದೆ. ಕುದುರೆ ನೋಡಿಕೊಳ್ಳೋ ನಮ್ಮ ಸೈಸ್ "ಒಂದು ಸಲ ಗಬ್ಬ ಕಟ್ಟಿಸಿ, ತಣ್ಣಗಾಗ್ತಾಳೆ" ಅಂತಾನೆ. ಇನ್ನೊಬ್ಬರು ಗರ್ಭಕೋಶಕ್ಕೆ ಗಾಜಿನ ಗೋಲಿ ಹಾಕಿಸಿ ಅಂದರು. ಯಾವುದು ಸರಿ?

ಹುರುಳಿ ನೆಂಟ

ಎರಡೂ ಬೇಡ, ಮೊದಲು ಒಂದು ಕ್ಯಾಲೆಂಡರ್ ತಗೊಳ್ಳಿ. ಹೆಣ್ಣುಕುದುರೆಯ ಋತುಚಕ್ರ 21–22 ದಿನ. ಅದರಲ್ಲಿ ಬೆದೆ 5ರಿಂದ 7 ದಿನ, ಉಳಿದ ಎರಡು ವಾರ ಶಾಂತ. ದಿನವೂ ನಾಲ್ಕೇ ಕಾಲಂ ಬರೀರಿ: ಬಾಲ ಎತ್ತಿ ಮೂತ್ರ ಬಿಟ್ಟಳಾ, ಗಂಡುಕುದುರೆ ಕಡೆ ತಿರುಗಿ ನಿಂತಳಾ, ಗರ್ತಿಗೆ ಕಚ್ಚಿದಳಾ, ಸವಾರಿಯಲ್ಲಿ ಒದ್ದಳಾ. ಎರಡು ಮೂರು ಚಕ್ರ ಆಗಲಿ. ನಾಲ್ಕೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಬೆದೆ ಅನ್ನಬಹುದು. ಹೆಣ್ಣುಕುದುರೆ ಏನು ಮಾಡಿದರೂ "ಬೆದೆ" ಅಂದುಬಿಡೋದು ನಮ್ಮ ಲಾಯಗಳ ಹಳೇ ಚಾಳಿ.

ಇನ್ನೊಂದು ಮಾತು. ಯೂರೋಪಿನವರು ಬರೆದದ್ದನ್ನು ಓದಿ "ಚಳಿಗಾಲದಲ್ಲಿ ತಾನೇ ನಿಲ್ಲುತ್ತೆ" ಅಂತ ಕಾಯಬೇಡಿ. ಬೆದೆ ನಡೆಯೋದು ಹಗಲಿನ ಉದ್ದದ ಮೇಲೆ. ಬೆಂಗಳೂರಲ್ಲಿ ಅತಿ ಚಿಕ್ಕ ಹಗಲೂ ಸುಮಾರು ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ಇರುತ್ತೆ, ಆದ್ದರಿಂದ ಇಲ್ಲಿ ಕೆಲವು ಕುದುರೆ ವರ್ಷವಿಡೀ ಬೆದೆಗೆ ಬರ್ತವೆ. ಮೇಲಾಗಿ ಲಾಯದಲ್ಲಿ ರಾತ್ರಿ ಹತ್ತರವರೆಗೆ ದೀಪ ಉರಿಸಿದರೆ ಬೆಳಕು ಹದಿನಾರು ಗಂಟೆಯಾಗುತ್ತೆ. ಸ್ಟಡ್ ಫಾರಂನವರು ಬೇಗ ಬೆದೆ ತರಿಸೋಕೆ ಬೇಕಂತಲೇ ಮಾಡೋದು ಇದನ್ನೇ. ಸಂಜೆ ಮೇವು ಹಾಕಿದ ಮೇಲೆ ದೀಪ ಆರಿಸಿ.

ಕಡಿವಾಣ

ಕ್ಯಾಲೆಂಡರ್ ತುಂಬುವಷ್ಟರಲ್ಲಿ ಮಾಡಬಹುದಾದ್ದು: ಗಂಡುಕುದುರೆಯನ್ನು ಕಾಣದಷ್ಟು, ವಾಸನೆ ಬಾರದಷ್ಟು ದೂರ ಕಟ್ಟಿ. ಒಂದೇ ಬ್ರಷ್, ಒಂದೇ ಬಕೆಟ್ ಇಬ್ಬರಿಗೂ ಬಳಸಬೇಡಿ. ಒದೆಯುವ ಕುದುರೆ ಎಂಬ ಗುರುತಿಗೆ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿ, ಸಾಲಿನಲ್ಲಿ ಹೋಗುವಾಗ ಕೊನೆಯಲ್ಲಿರಲಿ, ಮುಂದಿನದಕ್ಕೂ ಇದಕ್ಕೂ ಎರಡು ಕುದುರೆಯುದ್ದ ಅಂತರ. ಆ ಐದಾರು ದಿನ ಮಕ್ಕಳನ್ನು ಹತ್ತಿಸಲೇಬೇಡಿ.

ಕೆಲಸ ನಿಲ್ಲಿಸುವುದು ತಪ್ಪು, ನಿಂತಷ್ಟೂ ಕಿರಿಕಿರಿ ಹೆಚ್ಚು. ಹದಿನೈದು ನಿಮಿಷ ಉದ್ದ ಲಗಾಮಿನಲ್ಲಿ ನಡಿಗೆ, ಆಮೇಲೆ ದೊಡ್ಡ ವೃತ್ತದಲ್ಲಿ ಟ್ರಾಟ್ (ಸಣ್ಣ ಓಟ), ಆಗಾಗ ನಡಿಗೆಗೆ ಇಳಿಸುವುದು. ಕಾಲು ಬಿಡದೆ ಒತ್ತುತ್ತಿದ್ದರೆ ಖಂಡಿತ ಒದೆ ಬರುತ್ತೆ. ಒಮ್ಮೆ ಒತ್ತಿ ಬಿಡಿ, ಹೋಗದಿದ್ದರೆ ಭುಜದ ಹಿಂದೆ ಚಾಟಿಯಿಂದ ಸುಮ್ಮನೆ ತಟ್ಟಿ. ಮೂತ್ರಕ್ಕೆ ನಿಂತರೆ ಬೈಯದೆ ಬಿಡಿ. ಗರ್ತ್ ಒಂದೇ ಸಲಕ್ಕೆ ಬಿಗಿಯಬೇಡಿ: ಒಂದು ತೂತು, ಹತ್ತು ಹೆಜ್ಜೆ ನಡೆಸಿ ಇನ್ನೊಂದು, ಹತ್ತುವ ಮುಂಚೆ ಕೊನೆಯದು.

ಯಾರೂ ನೋಡದ ಜಾಗ ಒಂದಿದೆ, ಎರಡು ಮೊಲೆಗಳ ನಡುವಿನ ಸಂದು. ಅಲ್ಲಿ ಕಪ್ಪು ಮೇಣದಂಥ ಕೊಳೆ ಗಟ್ಟಿಯಾದರೆ ಬಾಲ ಉಜ್ಜುತ್ತೆ, ಹಿಂಗಾಲು ಎಸೆಯುತ್ತೆ, ನೋಡಿದವರು ಬೆದೆ ಅನ್ನುತ್ತಾರೆ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ, ಪಕ್ಕದಲ್ಲಿ ನಿಂತು ಮೆಲ್ಲಗೆ ಒರೆಸಿ. ಸೋಪು ಬೇಡ.

ಕುದುರೆ ವೈದ್ಯ

ಗೋಲಿ ವಿಚಾರ ಮೊದಲು ಮುಗಿಸೋಣ. 35 ಮಿಲಿಮೀಟರಿನ ಗಾಜಿನ ಗೋಲಿ ಒಳಗಿದ್ದರೆ ಕೆಲವು ಕುದುರೆಗಳಲ್ಲಿ ಅಂಡಾಶಯದ ಹಳದಿ ಕಾಯ (ಅಂಡ ಬಿಡುಗಡೆಯಾದ ಜಾಗದಲ್ಲಿ ಬೆಳೆಯುವ ಗ್ರಂಥಿ) ಕರಗದೆ, ಬೆದೆ ತಡೆಯುವ ಪ್ರೊಜೆಸ್ಟೆರಾನ್ ಹಾರ್ಮೋನನ್ನು ಸುರಿಸುತ್ತಲೇ ಇರುತ್ತದೆ, ಬೆದೆ ನಿಲ್ಲುತ್ತದೆ. ಅರ್ಧಕ್ಕಿಂತ ಹೆಚ್ಚು ಕುದುರೆಗಳಲ್ಲಿ ಏನೂ ಆಗುವುದಿಲ್ಲ. ಗೋಲಿ ಒಳಗೇ ಒಡೆದದ್ದುಂಟು, ಗರ್ಭಕೋಶಕ್ಕೆ ಸೋಂಕು ತಗುಲಿದ್ದುಂಟು. ಈಗ ಹೆಚ್ಚಿನ ವೈದ್ಯರು ಸಲಹೆ ಮಾಡುವುದಿಲ್ಲ.

ಗಬ್ಬ ಕಟ್ಟಿಸಿದರೆ ಹನ್ನೊಂದು ತಿಂಗಳು ಬೆದೆ ಇರುವುದಿಲ್ಲ, ಸರಿ. ಆದರೆ ಈದ 7ರಿಂದ 12 ದಿನಕ್ಕೆ ಮತ್ತೆ ಬೆದೆ, ಜೊತೆಗೆ ಸಾಕಲು ಒಂದು ಮರಿ.

ಔಷಧಿಯಲ್ಲಿ ನೆಚ್ಚಬಹುದಾದ್ದು ಅಲ್ಟ್ರೆನೊಜೆಸ್ಟ್. ಪ್ರಮಾಣ ಕೆಜಿಗೆ 0.044 ಮಿಗ್ರಾಂ, ದಿನಕ್ಕೊಮ್ಮೆ, ಬಾಯಿಗೆ. ಮಿಲಿಗೆ 2.2 ಮಿಗ್ರಾಂ ಇರುವ ಎಣ್ಣೆದ್ರಾವಣವಾದರೆ 50 ಕೆಜಿಗೆ 1 ಮಿಲಿ, ನಿಮ್ಮ ಕುದುರೆಗೆ 8 ಮಿಲಿ. ಮೂರು ದಿನದೊಳಗೆ ಬೆದೆಯ ಲಕ್ಷಣ ಇಳಿಯುತ್ತದೆ. ಒಂದು ದಿನ ತಪ್ಪಿಸಿದರೂ ಕೆಲಸ ಕೆಡಬಹುದು. ಗರ್ಭಕೋಶದಲ್ಲಿ ಸೋಂಕಿದ್ದರೆ ಕೊಡಲೇಬಾರದು, ಪ್ರೊಜೆಸ್ಟೆರಾನ್ ಜಾತಿಯ ಔಷಧಿ ಗರ್ಭಕೋಶದ ರಕ್ಷಣೆಯನ್ನು ತಗ್ಗಿಸುತ್ತದೆ. ಆದ್ದರಿಂದ ಮೊದಲು ಸ್ಕ್ಯಾನ್. ಈ ದ್ರವ ಮನುಷ್ಯರ ಚರ್ಮದ ಮೂಲಕವೂ ಒಳಹೋಗುತ್ತದೆ. ಗರ್ಭಿಣಿಯರು ಬಾಟಲಿ ಮುಟ್ಟಬಾರದು, ಮುಟ್ಟುವವರು ನೈಟ್ರೈಲ್ ಕೈಗವಸು ಹಾಕಬೇಕು. ಲೇಟೆಕ್ಸ್ ಸಾಲದು, ಎಣ್ಣೆ ಅದನ್ನು ದಾಟುತ್ತದೆ.

ಅಗ್ಗ ಎಂದು ಕೆಲವೆಡೆ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಚುಚ್ಚುತ್ತಾರೆ. ಅದು ಕುದುರೆಯಲ್ಲಿ ಬೆದೆ ತಡೆಯುವುದಿಲ್ಲ, ದುಡ್ಡು ದಂಡ. ಅಂಡ ಬಿಡುಗಡೆಯಾದ 7ನೇ ದಿನದಿಂದ 14ನೇ ದಿನದವರೆಗೆ ದಿನಕ್ಕೆ 60 ಯೂನಿಟ್ ಆಕ್ಸಿಟೋಸಿನ್ ಮಾಂಸಖಂಡಕ್ಕೆ ಕೊಟ್ಟು ಹಳದಿ ಕಾಯ ಉಳಿಸುವ ಕ್ರಮವೂ ಇದೆ. ಎಲ್ಲವುಗಳಲ್ಲೂ ಫಲಿಸದು, ದಿನ ಗೊತ್ತುಮಾಡಲು ಸ್ಕ್ಯಾನ್ ಬೇಕೇ ಬೇಕು.

ಬೆದೆ ವಾರಗಟ್ಟಲೆ ಬಿಡದಿದ್ದರೆ, ಅಥವಾ ಗಂಡುಕುದುರೆಯಂತೆ ಬೇರೆ ಹೆಣ್ಣುಗಳ ಮೇಲೆ ಹತ್ತಲು ಹೋದರೆ, ಅಂಡಾಶಯದ ಗ್ರಾನ್ಯುಲೋಸ ಗಡ್ಡೆ ಇದೆಯೇ ನೋಡಬೇಕು. ಒಂದು ಅಂಡಾಶಯ ದೊಡ್ಡದಾಗಿ ಇನ್ನೊಂದು ಮುದುಡಿರುತ್ತದೆ, ರಕ್ತದಲ್ಲಿ ಎಎಂಎಚ್ ಎಂಬ ಅಂಡಾಶಯದ ಹಾರ್ಮೋನ್ ಏರಿರುತ್ತದೆ. ಆ ಅಂಡಾಶಯ ತೆಗೆಸುವುದೇ ಚಿಕಿತ್ಸೆ.

ಲಾಯದ ಕೀಲಿ

ಎರಡು ತಿಂಗಳ ಲೆಕ್ಕ ಇಲ್ಲಿದೆ. ಬಾಲ ಎತ್ತೋದು, ಮೂತ್ರ, ಕಿರುಚೋದು: 4ರಿಂದ 9ನೇ ದಿನ, 25ರಿಂದ 30, 46ರಿಂದ 52. ಆದರೆ ಗರ್ತಿಗೆ ಕಚ್ಚಿದ್ದು 60 ದಿನದಲ್ಲಿ 41 ದಿನ! ಒದೆತ ಬೆದೆಯಲ್ಲಿ ಹೆಚ್ಚು, ಉಳಿದಂತೆ ಆಗೊಮ್ಮೆ ಈಗೊಮ್ಮೆ. ಗಂಡುಕುದುರೆಯನ್ನು ಆಚೆ ಕಡೆ ಕಟ್ಟಿದ ಮೇಲೆ ಕಿರುಚಾಟ ತುಂಬ ಕಡಿಮೆ.

ಕುದುರೆ ವೈದ್ಯ

ಹಾಗಾದರೆ ಎರಡು ತೊಂದರೆ ಒಂದರ ಮೇಲೊಂದು ಕೂತಿವೆ. ಬೆದೆ 21 ದಿನಕ್ಕೆ ಸರಿಯಾಗಿ ಬರುತ್ತಿದೆ, ಅದು ಆರೋಗ್ಯ. ಗರ್ತ್ ಕಚ್ಚುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಮೇವಿನ ಪಟ್ಟಿ ಓದಿದಾಗಲೇ ಹೊಟ್ಟೆಹುಣ್ಣಿನ ಅನುಮಾನ ಬಂದಿತ್ತು. ಕುದುರೆಯ ಹೊಟ್ಟೆ ಇಪ್ಪತ್ತನಾಲ್ಕು ಗಂಟೆಯೂ ಆಮ್ಲ ಸುರಿಸುತ್ತದೆ, ಹುಲ್ಲಿಲ್ಲದಿದ್ದರೆ ಅದು ಮೇಲ್ಭಾಗದ ಪೊರೆಯನ್ನು ಸುಡುತ್ತದೆ.

400 ಕೆಜಿ ಕುದುರೆಗೆ ಒಣ ಲೆಕ್ಕದಲ್ಲಿ ಕನಿಷ್ಠ 6 ಕೆಜಿ ಹುಲ್ಲು ಬೇಕು, ನಾಲ್ಕು ಪಾಲು ಮಾಡಿ, ರಾತ್ರಿಯ ಪಾಲು ದೊಡ್ಡದು. ಒಂದು ಹೊತ್ತಿಗೆ ಪಿಷ್ಟ ದೇಹತೂಕದ ಕೆಜಿಗೆ 1 ಗ್ರಾಂ ಮೀರಬಾರದು, ಅಂದರೆ 400 ಗ್ರಾಂ. ಒಂದು ಕೆಜಿ ಓಟ್ಸಿಗೇ ಅದು ಮುಗಿಯಿತು, ನೀವು ಎರಡೂವರೆ ಕೆಜಿ ದಾಣಿ ಸುರಿಯುತ್ತಿದ್ದೀರಿ. ದಾಣಿಯನ್ನು ಅರ್ಧ ಮಾಡಿ ಮೂರು ಹೊತ್ತಿಗೆ ಹಂಚಿ. ಸವಾರಿಗೆ ಅರ್ಧ ಗಂಟೆ ಮುಂಚೆ ಒಂದು ಕೆಜಿ ಒಣಗಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಹಾಕಿ: ಅದರ ಕ್ಯಾಲ್ಸಿಯಂ ಆಮ್ಲವನ್ನು ತಗ್ಗಿಸುತ್ತದೆ, ತುಂಬಿದ ಹೊಟ್ಟೆಯಲ್ಲಿ ಆಮ್ಲ ಮೇಲೆ ಚಿಮ್ಮುವುದೂ ಕಡಿಮೆ.

ಎಂಡೋಸ್ಕೋಪಿ ಸಾಧ್ಯವಿದ್ದರೆ ಮಾಡಿಸಿ. ಹುಣ್ಣು ಕಂಡರೆ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಕೆಜಿಗೆ 4 ಮಿಗ್ರಾಂ, ದಿನಕ್ಕೊಮ್ಮೆ 28 ದಿನ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಟ್ಟು ಒಂದು ಗಂಟೆ ಬಿಟ್ಟು ಹುಲ್ಲು. ಮನುಷ್ಯರ ಕ್ಯಾಪ್ಸೂಲಿನ ಗುಳಿಗೆಗಳನ್ನು ಕುಟ್ಟಿ ಪುಡಿಮಾಡಿ ಕೊಡಬೇಡಿ, ಕವಚ ಹೋದರೆ ಆಮ್ಲವೇ ಔಷಧಿಯನ್ನು ಕೊಲ್ಲುತ್ತದೆ.

ಕಡಿವಾಣ

ಜೀನನ್ನೂ ನೋಡಿಬಿಡಿ. ಒಳಗೆ ಬಟ್ಟೆ ಹಾಕದೆ ಬರಿಬೆನ್ನಿನ ಮೇಲಿಟ್ಟು ಕುತ್ತಿಗೆ ಬುಡದ ಏರಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಸವಾರಿಯಾದ ಮೇಲೆ ಬೆವರಿನ ಗುರುತಿನ ಮಧ್ಯೆ ಒಣಗಿದ ತೇಪೆ ಕಂಡರೆ ಅಲ್ಲಿ ಒತ್ತಡವಿದೆ. ಮಾರ್ವಾಡಿಗೆ ಬೆನ್ನು ಕಿರಿದು, ಥರೋಬ್ರೆಡ್‌ಗೆ ಕೊಂಡ ಜೀನು ಎಷ್ಟೋ ಸಲ ಮುಂದಕ್ಕೆ ಜಾರಿ ಮೊಣಕೈ ಹಿಂದೆ ಗರ್ತ್ ಉಜ್ಜುತ್ತೆ.

ಲಾಯದ ಕೀಲಿ

ಜೀನು ಥರೋಬ್ರೆಡ್‌ದೇ. ಗರ್ತ್ ಜಾಗದಲ್ಲಿ ಎಡಗಡೆ ಕೂದಲು ಉದುರಿದೆ, ಈಗ ನೋಡಿದೆ. ನಾಳೆಯಿಂದ ಮೇವು ಬದಲು, ಜೀನು ಸರಿಹೋಗುವವರೆಗೆ ಬರಿ ಲುಂಜಿಂಗ್ (ಸವಾರಿಯಿಲ್ಲದೆ ಉದ್ದ ಹಗ್ಗದಲ್ಲಿ ಸುತ್ತ ಓಡಿಸೋದು). ಕ್ಯಾಲೆಂಡರ್ ಮುಂದುವರಿಸ್ತೀನಿ. ಅಲ್ಟ್ರೆನೊಜೆಸ್ಟ್ ಈಗಲೇ ಶುರು ಮಾಡಬೇಕಾ ಡಾಕ್ಟ್ರೇ?

ಕುದುರೆ ವೈದ್ಯ

ಬೇಡ. 28 ದಿನದ ನಂತರ ಗರ್ತ್ ಕಾಲಂ ಖಾಲಿಯಾಗಿ, ಬೆದೆಯ ಐದಾರು ದಿನದ ಒದೆತ ಮಾತ್ರ ಉಳಿದರೆ ಆಗ ಸ್ಕ್ಯಾನ್ ಮಾಡಿಸಿ ಯೋಚಿಸೋಣ. ಸ್ಪರ್ಧೆಗೆ ಕರೆದೊಯ್ಯುವುದಿದ್ದರೆ ಆ ಸ್ಪರ್ಧೆಯ ಔಷಧಿ ನಿಯಮವನ್ನು ಮೊದಲೇ ಕೇಳಿಕೊಳ್ಳಿ. ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಸಂಸ್ಥೆ ಎಫ್‌ಇಐ ಅಲ್ಟ್ರೆನೊಜೆಸ್ಟನ್ನು ಹೆಣ್ಣುಕುದುರೆಗಳಿಗೆ ಮಾತ್ರ ಒಪ್ಪುತ್ತದೆ, ರೇಸಿನ ನಿಯಮ ಬೇರೆ.